ಕಾವೇರಿ ಕನೆಕ್ಷನ್ ಇದೆಯಾ?

ನಮ್ಮೂರಿಗೆ ಬಸ್ಸಿನ ಬೋರ್ಡಿನಲ್ಲಿ ಒಂದು ಹೆಸರು, ಲಗ್ನಪತ್ರಿಕೆಯಲ್ಲಿ ಇನ್ನೊಂದು. ಮದ್ದೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ‘ದೊಡ್ಡಿ, ದೊಡ್ಡಿ, ಕೆ.ಎಂ. ದೊಡ್ಡೀ’ ಎಂದು ಕೂಗಿದಾಗ ಕಿಟಕಿಯಿಂದ ಟವೆಲು ಹಾಕಿ ಸೀಟು ಹಿಡಿಯುವ ನಾವೇ ಸಂಬಂಧ ಕುದುರಿಸುವ ಹೊತ್ತಿಗೆ ‘ಭಾರತೀನಗರದವರು’ ಆಗಿಬಿಡುತ್ತೇವೆ. ಹೆಸರಿನಲ್ಲಿ ನಗರ ಇದ್ದರೂ ಊರಿನಲ್ಲಿ ‘ಪಾಶ್ ಏರಿಯಾ’ ಅಂತ ಒಂದಿರಲಿಲ್ಲ. ಮಳವಳ್ಳಿ ರಸ್ತೆಯಿಂದ ಮನೆ ಎಷ್ಟು ಒಳಗಿದೆ ಅನ್ನುವುದೇ ಅಂತಸ್ತಿನ ಅಳತೆ. ಕಬ್ಬು ಕಡಿಯುವ ಕಾಲದಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಮಧ್ಯರಾತ್ರಿಯಲ್ಲಿ ಹಾಡು ಹಾಕಿಕೊಂಡು ಮೆರವಣಿಗೆ ಹೊರಡುತ್ತವೆ. ರಸ್ತೆ ಪಕ್ಕದವರಿಗೆ ಹಾಡೆಲ್ಲ ಬಾಯಿಪಾಠ. ಎರಡು ಬೀದಿ ಒಳಗಿರುವವರಿಗೆ ಬರೀ ಡಬ್ ಡಬ್ ಕೇಳುತ್ತದೆ. ಏನೂ ಕೇಳದವರು ಶ್ರೀಮಂತರು, ಇಲ್ಲವೇ ಕಿವುಡರು.

ನಾನು ಹೈಸ್ಕೂಲಿನಲ್ಲಿ ಕನ್ನಡ ಮೇಡಂ ಆಗಿದ್ದವಳು, ನಮ್ಮ ಯಜಮಾನರು ಸಮಾಜ ಪಾಠದ ಮೇಷ್ಟ್ರು. ಜಿ. ಮಾದೇಗೌಡರು ಇಲ್ಲಿ ಭಾರತೀ ವಿದ್ಯಾಸಂಸ್ಥೆ ಕಟ್ಟಿದ ಮೇಲೆ ಸುತ್ತಲ ಹಳ್ಳಿಗಳ ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದು ಡಿಗ್ರಿ ಮಾಡಿದರು. ಡಿಗ್ರಿ ಮಾಡಿದವರೆಲ್ಲ ಬೆಂಗಳೂರು ಬಸ್ಸು ಹತ್ತಿದರು. ನಮ್ಮ ಮಗನೂ ಹತ್ತಿದ. ಅಲ್ಲೇ ಕಂಪನಿ, ಅಲ್ಲೇ ಬಾಡಿಗೆ ಮನೆ, ಅಲ್ಲೇ ಮದುವೆ, ಒಂದು ಮಗು. ಬಾಡಿಗೆ ಕಟ್ಟಿ ಕಟ್ಟಿ ಸಾಕಾಗಿ, ‘ಅಮ್ಮ, ಒಂದು ಒಳ್ಳೇ ಏರಿಯಾದಲ್ಲಿ ಮನೆ ತಗೊಳ್ಳೋಣ ಅಂತಿದ್ದೀವಿ’ ಅಂದ. ಒಳ್ಳೇ ಏರಿಯಾ ಅಂದರೇನು ಎಂದು ನಾನು ಕೇಳಬಾರದಿತ್ತೇನೋ, ಕೇಳಿದೆ. ಸೊಸೆ ಫೋನು ತಗೊಂಡು, ‘ಫ್ಯಾಮಿಲಿ ಏರಿಯಾ ಅತ್ತೆ. ಪಾಪು ಸೈಕಲ್ ಹೊಡೆಯೋಕೆ ಜಾಗ ಇರಬೇಕು, ಅಕ್ಕಪಕ್ಕ ಡೀಸೆಂಟಾಗಿರಬೇಕು’ ಅಂದಳು.

ಯಜಮಾನರು ಕೂತಲ್ಲಿಂದಲೇ ಪಾಠ ಶುರು ಮಾಡಿದರು. 1898ರಲ್ಲಿ ಪ್ಲೇಗು ಬಂದು ಪೇಟೆಯ ಓಣಿಗಳಲ್ಲಿ ಜನ ಸತ್ತಮೇಲೆ ಬಸವನಗುಡಿ, ಮಲ್ಲೇಶ್ವರ ಬೆಳೆದದ್ದು. ಗಾಳಿ ಬೆಳಕು ಬರಲಿ ಎಂದು ಅಗಲ ರಸ್ತೆ ಬಿಟ್ಟದ್ದು. 1948ರಲ್ಲಿ ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ‘ಅಷ್ಟು ದೂರ ಯಾರು ಹೋಗಿ ಇರ್ತಾರೆ’ ಎಂದು ಜನ ಹಿಂದೆಗೆದದ್ದು. ‘ಆದ್ದರಿಂದ ಜಯನಗರ ನೋಡು’ ಎಂದು ತೀರ್ಪು ಕೊಟ್ಟರು. ಮಗ ಅಲ್ಲಿನ ಒಂದು ಹಳೇ ಮನೆಯ ಬೆಲೆ ಹೇಳಿದ. ಯಜಮಾನರು ಪುಸ್ತಕ ಮುಚ್ಚಿದರು.

ಹಾಗಾದರೆ ವಿಜಯನಗರ, ರಾಜರಾಜೇಶ್ವರಿನಗರ? ಅಲ್ಲಿ ಬೀದಿಗೊಬ್ಬರು ಮಂಡ್ಯದವರು. ನಮ್ಮ ಚಿಕ್ಕಪ್ಪನ ಮಕ್ಕಳು, ಅವರ ಬೀಗರು, ಬೀಗರ ಬೀಗರು. ಭಾನುವಾರ ಬೆಳಿಗ್ಗೆ ಯಾರ ಮನೆಯ ಬೆಲ್ ಒತ್ತಿದರೂ ನಾಟಿಕೋಳಿ ಸಾರಿನ ವಾಸನೆಯೇ ಬಾಗಿಲು ತೆಗೆಯುತ್ತದೆ. ಸೊಸೆ ಬೇಡವೇ ಬೇಡ ಅಂದಳು. ಅವಳಿಗೆ ಬೇಕಾದ್ದು ಫ್ಯಾಮಿಲಿ ಏರಿಯಾ. ಆದರೆ ಅಲ್ಲಿ ನಮ್ಮ ಫ್ಯಾಮಿಲಿ ಇರಕೂಡದು. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನಾನೂ ಒಂದು ಕಾಲದಲ್ಲಿ ಸೊಸೆಯಾಗಿದ್ದವಳು, ಹೇಳದೆಯೇ ಅರ್ಥವಾಯಿತು.

ಕೊನೆಗೆ ವೈಟ್‌ಫೀಲ್ಡ್ ಕಡೆ ಎಂದಾಯಿತು. ಎಕ್ಸ್‌ಪ್ರೆಸ್‌ವೇಯಲ್ಲಿ ಹೋದೆವು. 2023ರ ಮಾರ್ಚ್ 12ರಂದು ಪ್ರಧಾನಿ ನಮ್ಮ ಮಂಡ್ಯಕ್ಕೇ ಬಂದು ಉದ್ಘಾಟಿಸಿದ ರಸ್ತೆ. ಆಗಸ್ಟ್ ಹೊತ್ತಿಗೆ ನಮ್ಮೂರಿನ ಬೈಕು, ಆಟೋ, ಟ್ರ್ಯಾಕ್ಟರಿಗೆ ಅದರ ಮೇಲೆ ಪ್ರವೇಶವಿಲ್ಲ ಎಂದಾಯಿತು. ಮದ್ದೂರಿನಲ್ಲಿ ಹತ್ತಿ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಕೆಂಗೇರಿ ಬಂತು. ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಮಾತ್ರ ಒಂದು ನಿದ್ದೆ, ಒಂದು ಜಗಳ, ತಂದಿದ್ದ ಚಕ್ಕುಲಿಯ ಡಬ್ಬ ಪೂರ್ತಿ ಖಾಲಿ.

ಮಾರಾಟದ ಆಫೀಸು ಎಂದರೆ ಮದುವೆ ಛತ್ರಕ್ಕಿಂತ ತಂಪು. ನಡುವೆ ಗಾಜಿನ ಪೆಟ್ಟಿಗೆಯೊಳಗೆ ಇಡೀ ಅಪಾರ್ಟ್‌ಮೆಂಟಿನ ಮಾಡೆಲ್ಲು. ಹುಡುಗನೊಬ್ಬ ಸ್ವಿಚ್ ಹಾಕಿದ. ಮನೆಮನೆಯಲ್ಲೂ ದೀಪ ಹತ್ತಿತು. ಬೆರಳುಗುರಿನಷ್ಟು ಈಜುಕೊಳ, ಹಲ್ಲುಜ್ಜುವ ಬ್ರಷ್ಷಿನ ಕೂದಲಿನಂಥ ಮರಗಳು, ಅಲ್ಲಲ್ಲಿ ಬಿಳೀ ಪ್ಲಾಸ್ಟಿಕ್ ಜನ. ನಾನು ಬಗ್ಗಿ ನೋಡಿದೆ. ಗಂಡ ಹೆಂಡತಿ ಮಗು ಕೈಹಿಡಿದು ನಡೆಯುತ್ತಿದ್ದರು, ಒಬ್ಬಳು ನಾಯಿ ಹಿಡಿದಿದ್ದಳು, ಒಬ್ಬ ಓಡುತ್ತಿದ್ದ. ಪಂಚೆ ಉಟ್ಟವರಿಲ್ಲ, ಮೊರ ಹಿಡಿದವರಿಲ್ಲ, ಮುದುಕರಿಲ್ಲ. ಅಷ್ಟೊಂದು ಬಾಲ್ಕನಿಗಳಲ್ಲಿ ಒಂದೇ ಒಂದು ಟವೆಲ್ ಒಣಗುತ್ತಿರಲಿಲ್ಲ. ‘ಬಟ್ಟೆ ಎಲ್ಲಿ ಹಾಕ್ತಾರಪ್ಪ?’ ಅಂದೆ. ‘ಎಲಿವೇಷನ್ ಕೆಡುತ್ತೆ ಅಂತ ಬಾಲ್ಕನಿಯಲ್ಲಿ ಅಲೋ ಮಾಡಲ್ಲ ಮೇಡಂ, ಯುಟಿಲಿಟಿ ಏರಿಯಾ ಇದೆ’ ಅಂದ. ಆ ಯುಟಿಲಿಟಿ ನೋಡಿದೆ. ವಾಷಿಂಗ್ ಮೆಷಿನ್ ನಿಂತರೆ ನಾನು ಹೊರಗೆ, ನಾನು ನಿಂತರೆ ಮೆಷಿನ್ ಹೊರಗೆ. ಸಂಡಿಗೆ, ಹಪ್ಪಳ, ಮೆಣಸಿನಕಾಯಿ, ಒಂದು ಮೂಟೆ ರಾಗಿ ಇವೆಲ್ಲದರ ಪ್ರಶ್ನೆಯನ್ನು ನುಂಗಿಕೊಂಡೆ.

ಯಜಮಾನರು ಮಾತ್ರ ಏನನ್ನೂ ನುಂಗುವವರಲ್ಲ. ಅಳತೆ ಹಿಡಿದರು. ಹುಡುಗ ಹೇಳಿದ ಚದರಡಿಗೂ ಮಗ ಟೇಪು ಹಿಡಿದು ಲೆಕ್ಕ ಹಾಕಿದ ಚದರಡಿಗೂ ಕಾಲುಭಾಗಕ್ಕಿಂತ ಹೆಚ್ಚು ವ್ಯತ್ಯಾಸ. ‘ಅದು ಸೂಪರ್ ಬಿಲ್ಟಪ್ ಸಾರ್, ಇದು ಕಾರ್ಪೆಟ್’ ಅಂದ ಹುಡುಗ. ಲಿಫ್ಟು, ಮೆಟ್ಟಿಲು, ಜಿಮ್ಮು, ಗೇಟಿನ ಕೋಣೆ ಎಲ್ಲದರಲ್ಲೂ ನಮ್ಮ ಪಾಲು ಸೇರಿದೆಯಂತೆ. 2016ರ ರೇರಾ ಕಾಯ್ದೆ ಕಾರ್ಪೆಟ್ ಏರಿಯಾ ಲೆಕ್ಕದಲ್ಲೇ ಮಾರಬೇಕು ಅನ್ನುತ್ತದೆ ಎಂದು ಯಜಮಾನರು ಪೇಪರಿನಲ್ಲಿ ಓದಿದ್ದನ್ನು ಒಪ್ಪಿಸಿದರು. ‘ಅಗ್ರಿಮೆಂಟಿನಲ್ಲಿ ಎರಡೂ ಇರುತ್ತೆ ಸಾರ್’ ಎಂದು ಹುಡುಗ ನಕ್ಕ. ಅಂತೂ ನಾನು ಜನ್ಮದಲ್ಲಿ ಇಳಿಯದ ಈಜುಕೊಳದಲ್ಲಿ ಎರಡು ಚಪ್ಪಡಿ ಜಾಗ ನಮ್ಮ ವಂಶದ್ದು.

ಆಮೇಲೆ ಹುಡುಗ ದನಿ ತಗ್ಗಿಸಿ, ಒಡವೆ ಅಂಗಡಿಯವನು ಒಳಗಿನ ಪೆಟ್ಟಿಗೆ ತೆಗೆಯುವವನಂತೆ ಅಂದ: ‘ಮುಖ್ಯವಾದ್ದು ಹೇಳೋದೇ ಮರೆತೆ ಸಾರ್. ನಮ್ಮಲ್ಲಿ ಕಾವೇರಿ ಕನೆಕ್ಷನ್ ಇದೆ. ಐದನೇ ಹಂತದ್ದು. ಪಕ್ಕದ ಪ್ರಾಜೆಕ್ಟಿನವರಿಗೆ ಇನ್ನೂ ಟ್ಯಾಂಕರೇ.’

ಯಜಮಾನರ ಮುಖ ನೋಡಬೇಕಿತ್ತು. ಬೆಂಗಳೂರಿಗೆ ಕಾವೇರಿ ನೀರು ಹೋಗುವುದೇ ನಮ್ಮ ಪಕ್ಕದ ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ, ಟಿ.ಕೆ. ಹಳ್ಳಿ ಅಂದರೆ ಎಲ್ಲರಿಗೂ ಗೊತ್ತು. 1974ರಿಂದ ಅಲ್ಲಿ ನೀರು ಎತ್ತುತ್ತಿದ್ದಾರೆ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಎಂದು ಮಜಲು ಮಜಲಾಗಿ ಸುಮಾರು ನೂರು ಕಿಲೋಮೀಟರು ತಳ್ಳಿಸಿಕೊಂಡು, ಐನೂರು ಮೀಟರು ಏರಿಸಿಕೊಂಡು ಆ ನೀರು ಬೆಂಗಳೂರಿನ ನಲ್ಲಿಗೆ ಬರುತ್ತದೆ. ಐದನೇ ಹಂತ 2024ರ ಅಕ್ಟೋಬರ್ 16ರಂದು ಶುರುವಾಯಿತು, ದಿನಕ್ಕೆ 77.5 ಕೋಟಿ ಲೀಟರು. ನನ್ನ ನಾದಿನಿಯನ್ನು ಕೊಟ್ಟಿರುವುದು ಟಿ.ಕೆ. ಹಳ್ಳಿಯ ಪಕ್ಕದ ಊರಿಗೆ. ಪೈಪು ಹಾಯ್ದು ಹೋಗುವುದನ್ನು ಜಗಲಿಯಲ್ಲಿ ಕೂತು ನೋಡುತ್ತಾ ಅವಳು ಕುಡಿಯುವುದು ಬೋರ್‌ವೆಲ್ ನೀರು. ಇನ್ನು ಯಜಮಾನರೋ, ಮಾದೇಗೌಡರ ಕಾವೇರಿ ಹಿತರಕ್ಷಣಾ ಸಮಿತಿ ಕರೆ ಕೊಟ್ಟಾಗಲೆಲ್ಲ ರಜೆ ಹಾಕಿ ಮದ್ದೂರಿನಲ್ಲಿ ಹೆದ್ದಾರಿ ಮೇಲೆ ಕೂತವರು. ತಮಿಳುನಾಡಿಗೆ ಬಿಡಬೇಡಿ ಎಂದು ಗಂಟಲು ಹರಿದುಕೊಂಡವರು. ಕನ್ನಂಬಾಡಿಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ನಮ್ಮ ಸೀಮೆಗೆ ಬರುವಷ್ಟರಲ್ಲಿ ಸುಸ್ತಾಗಿರುತ್ತದೆ. ಮದ್ದೂರು, ಮಳವಳ್ಳಿಯ ಕೊನೇ ಭಾಗದ ರೈತರು ನೀರಿಗಾಗಿ ಇಂಜಿನಿಯರ ಆಫೀಸು ಸುತ್ತುವುದು ಪ್ರತಿ ಬೇಸಿಗೆಯ ಕಥೆ. ಆ ನೀರು ಇಲ್ಲಿ ಗಾಜಿನ ಪೆಟ್ಟಿಗೆ ಪಕ್ಕ ಬ್ರೋಷರಿನಲ್ಲಿ, ಕ್ಲಬ್‌ಹೌಸಿನ ಕೆಳಗೆ, ಜಿಮ್ಮಿನ ಮೇಲೆ ಅಚ್ಚಾಗಿತ್ತು.

‘ಎಷ್ಟು ಜಾಸ್ತಿ ಇದಕ್ಕೆ?’ ಅಂದರು.

‘ರೇಟಿನಲ್ಲೇ ಸೇರಿದೆ ಸಾರ್.’

ಅದು ನಿಜವೂ ಹೌದು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರುಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕಿದಾಗ ಮಗ ಫೋನಿನಲ್ಲಿ ಗೋಳಾಡಿದ್ದ. ಯಜಮಾನರು ಆಗಲೂ ಕೇಳಿದ್ದು, ‘ಎಮ್ಮೆ ತೊಳೆದರೆ ಎಷ್ಟಂತೆ?’

ಹೊರಡುವಾಗ ಹುಡುಗ ಹಿಂಭಾಗದ ತೋಟ ತೋರಿಸಿದ. ಮಂಚದಷ್ಟಗಲದ ಮಣ್ಣಿನ ಪಾತಿಗಳು, ಪ್ರತಿಯೊಂದಕ್ಕೂ ನಂಬರು. ನಿವಾಸಿಗಳು ತಿಂಗಳಿಗಿಷ್ಟು ಕಟ್ಟಿ ಅದರಲ್ಲಿ ಸೊಪ್ಪು ಬೆಳೆದುಕೊಳ್ಳಬಹುದಂತೆ, ‘ಮಕ್ಕಳಿಗೆ ಮಣ್ಣಿನ ಅನುಭವ ಆಗಲಿ ಅಂತ.’ ಒಬ್ಬರು ಶೂ ಹಾಕಿಕೊಂಡು ದಂಟಿನ ಸೊಪ್ಪಿನ ಫೋಟೋ ತೆಗೆಯುತ್ತಿದ್ದರು. ದಂಟು ಬಲಿತುಹೋಗಿತ್ತು. ಈಗಲೇ ಕಿತ್ತು ಬಸ್ಸಾರು ಮಾಡದಿದ್ದರೆ ನಾರಾಗುತ್ತೆ ಅನ್ನಬೇಕೆಂದಿದ್ದೆ, ಸೊಸೆ ಕೈ ಹಿಡಿದಳು.

ಊರಿಗೆ ಬಂದರೆ ಊರಿನಲ್ಲಿ ಇನ್ನೊಂದು ಕಥೆ. ‘ಅಲ್ಲಿ ಕೊಡೋ ದುಡ್ಡಿಗೆ ಇಲ್ಲಿ ಒಂದು ಬೀದಿನೇ ಬತ್ತದೆ ಬುಡಿ ಮೇಡಂ’ ಎಂದು ಬಾಗಿಲಿಗೆ ಬಂದವನು ನನ್ನ ಹಳೆಯ ವಿದ್ಯಾರ್ಥಿ. ಆಯತದ ವಿಸ್ತೀರ್ಣ ಕೇಳಿದರೆ ಕಿಟಕಿ ನೋಡುತ್ತಿದ್ದ ಎಂದು ಗಣಿತದ ಮೇಷ್ಟ್ರು ಸ್ಟಾಫ್‌ರೂಮಿನಲ್ಲಿ ಗೊಣಗುತ್ತಿದ್ದರು. ಈಗ 30-40 ಅನ್ನುವುದರೊಳಗೆ ಸಾವಿರದ ಇನ್ನೂರು ಅನ್ನುತ್ತಾನೆ, ರೇಟಿನಿಂದ ಗುಣಿಸಿ ಕಮಿಷನ್ನೂ ಕಳೆದಿರುತ್ತಾನೆ. 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಎತ್ತಿಹಾಕಿ ಬೇಸಾಯಗಾರರಲ್ಲದವರೂ ಜಮೀನು ಕೊಳ್ಳಬಹುದು ಎಂದಾದ ಮೇಲೆ, ಅದರ ಮೇಲೆ ಎಕ್ಸ್‌ಪ್ರೆಸ್‌ವೇ ಬಂದಮೇಲೆ, ನಮ್ಮ ಕಡೆ ಗುಂಟೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬಂತು. ಅವನ ಕಾರಿನಲ್ಲೇ ಕೂರಿಸಿಕೊಂಡು ಹೋದ.

ಗದ್ದೆ ಬಯಲಿನ ನಡುವೆ ಒಂದು ಕಮಾನು. ಮೇಲೆ ಇಂಗ್ಲಿಷಿನಲ್ಲಿ ಗ್ರೀನ್ ಏನೋ ಎನ್‌ಕ್ಲೇವ್. ಎರಡು ಪಕ್ಕ ಎರಡು ಸಿಮೆಂಟಿನ ಕುದುರೆ, ಒಂದರ ಬಾಲ ಮುರಿದಿತ್ತು. ಒಳಗೆ ಕೊಯ್ದ ಭತ್ತದ ಕೂಳೆ ಇನ್ನೂ ನಿಂತಿರುವಾಗಲೇ ಹಳದಿ ಬಣ್ಣದ ಕಲ್ಲು ನೆಟ್ಟು ನಂಬರು ಬರೆದಿದ್ದರು.

‘ಬೆಂಗ್ಳೂರು ಥರಾನೇ ಮೇಡಂ. ಗೇಟು, ಸೆಕ್ಯೂರಿಟಿ, ಸಿಸಿ ಕ್ಯಾಮೆರಾ. ಈ ಕಡೆ ಮಕ್ಕಳ ಪಾರ್ಕು. ಸುತ್ತಾ ವಾಕಿಂಗ್ ಟ್ರ್ಯಾಕು.’

‘ನಾಲೆ ಏರಿ ಮೇಲೆ ನಡೆದ್ರೆ ಏನಾಯ್ತದಪ್ಪ?’ ಅಂದರು ಯಜಮಾನರು.

‘ಅಲ್ಲಿ ಫ್ಯಾಮಿಲಿ ವಾತಾವರಣ ಇಲ್ಲ ಸಾರ್. ಎಮ್ಮೆ ಬತ್ತವೆ.’

ಪತ್ರಗಳ ವಿಚಾರ ಕೇಳಿದೆ. ಬೆರಳು ಮಡಿಸಿದ: ‘ಕನ್ವರ್ಷನ್ ಆಗೈತೆ ಮೇಡಂ, ಪ್ಲಾನ್ ಅಪ್ರೂವಲ್ಲು ಆಯ್ತಾ ಐತೆ, ಇ-ಖಾತೆ ಆಯ್ತದೆ.’ ಭೂತ, ವರ್ತಮಾನ, ಭವಿಷ್ಯತ್ ಮೂರು ಕಾಲವನ್ನೂ ಇವನಿಗೆ ಕಲಿಸಿದವಳು ನಾನೇ. ಎಂಟನೇ ಕ್ಲಾಸಿನಲ್ಲಿ ಇಷ್ಟು ಚೊಕ್ಕಟವಾಗಿ ಒಪ್ಪಿಸಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದೆ.

‘ನೀರು?’

‘ಬೋರ್ ಹಾಕ್ಸವ್ರೆ.’

‘ಕಾವೇರಿ ಕನೆಕ್ಷನ್?’

ಅವನಿಗೆ ನನ್ನ ತಲೆ ಕೆಟ್ಟಿದೆ ಅನ್ನಿಸಿರಬೇಕು. ‘ಕಾವೇರಿ ಬೆಂಗ್ಳೂರ್‌ಗಲ್ವಾ ಮೇಡಂ ಹೋಗೋದು?’

ಮಗ ವೈಟ್‌ಫೀಲ್ಡಿನದನ್ನೇ ತೆಗೆದುಕೊಂಡ. ಆ ಹುಡುಗ ಮಾರಲಿಕ್ಕೆ ಬಾಕಿಯಿರುವುದು ಹನ್ನೊಂದನೇ ಮಹಡಿ ಒಂದೇ ಎಂದ, ಎಲ್ಲರಿಗೂ ಹಾಗೇ ಅಂದಿರುತ್ತಾನೆ. 2025ರ ಆಷಾಢದಲ್ಲಿ ರಿಜಿಸ್ಟ್ರೇಷನ್ ಬೇಡ ಎಂದು ಮುಂದೆ ಹಾಕಿದ್ದಾಯಿತು. ಶ್ರಾವಣದಲ್ಲಿ ಬ್ಯಾಂಕಿನ ಕಾಗದ ಬರಲಿಲ್ಲ. ಬಂದಮೇಲೆ ಬೀಗರು, ‘ಗೌರಿ-ಗಣೇಶ ಒಂದು ಕಳೆದುಬಿಡಲಿ’ ಅಂದರು. ಹಬ್ಬ ಕಳೆಯಿತು. ಆಗಸ್ಟ್ 31ರಿಂದ ಸರ್ಕಾರ ನೋಂದಣಿ ಶುಲ್ಕವನ್ನು ಶೇಕಡಾ 1ರಿಂದ 2ಕ್ಕೆ ಏರಿಸಿತು. ಕೋಟಿ ದಾಟಿದ ಮನೆಗೆ ಶೇಕಡಾ ಒಂದು ಅಂದರೆ ಎಷ್ಟು ಎಂದು ನನ್ನ ಹಳೆಯ ವಿದ್ಯಾರ್ಥಿಯನ್ನೇ ಕೇಳಬೇಕು. ಆ ವರ್ಷದ ಕಡುಬು ನಮಗೆ ತುಂಬಾ ದುಬಾರಿ ಬಿತ್ತು.

ಗೃಹಪ್ರವೇಶಕ್ಕೆ ಹಸು ಬೇಕೇ ಬೇಕು ಎಂದು ನಾನು ಹಟ ಹಿಡಿದೆ. ಅಸೋಸಿಯೇಷನ್ನಿನವರು ಒಂದು ಹಾಳೆ ಕಳಿಸಿದರು: ಹಸುವಿಗೆ ಲಿಫ್ಟಿನಲ್ಲಿ ಪ್ರವೇಶವಿಲ್ಲ, ಸರ್ವೀಸ್ ಗೇಟಿನಿಂದ ಬರಬೇಕು, ಲಾಬಿಯ ಮ್ಯಾಟ್ ದಾಟಬಾರದು, ಏನಾದರೂ ಆದರೆ ಕ್ಲೀನಿಂಗ್ ಚಾರ್ಜು ಪ್ರತ್ಯೇಕ. ಪುರೋಹಿತರು ಇದಕ್ಕೆಲ್ಲ ಪಳಗಿದವರು. ‘ಕೆಳಗೇ ಪೂಜೆ ಮಾಡೋಣ, ಪುಣ್ಯ ಮೇಲಕ್ಕೆ ಬರುತ್ತೆ’ ಅಂದರು. ಬೆಳಗಿನ ಜಾವ ಟೆಂಪೋದಲ್ಲಿ ಹಸು, ಕರು ಇಳಿದವು. ಗಂಟೆ ಲೆಕ್ಕದ ಬಾಡಿಗೆ, ಆ ದಿನ ಅವಕ್ಕೆ ಇನ್ನೂ ಎರಡು ಗೃಹಪ್ರವೇಶವಿತ್ತಂತೆ. ಹಸು ಅಭ್ಯಾಸವಿದ್ದ ಹಾಗೆ ಮ್ಯಾಟಿನ ಮೇಲೇ ನಿಂತು, ಹೂವಿನ ಹಾರವನ್ನು ಅರ್ಧ ತಿಂದು, ಕುಂಕುಮಕ್ಕೆ ಹಣೆ ಒಡ್ಡಿತು. ಸೆಕ್ಯೂರಿಟಿಯವನು ಬಕೆಟ್ಟು ಹಿಡಿದು ಅದರ ಹಿಂದೆಯೇ ನಿಂತಿದ್ದ.

ಬಾಳೆಹಣ್ಣು ಕೊಡುತ್ತಾ ಹಸುವಿನವನನ್ನು ‘ಯಾವೂರಪ್ಪ?’ ಎಂದು ಕೇಳಿದೆ.

‘ಮಳವಳ್ಳಿ ಕಡೆ ಕಣವ್ವ. ನೀವು?’

‘ದೊಡ್ಡಿ.’

ಅವನು ಹಗ್ಗವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಹತ್ತಿರ ಬಂದ. ‘ಅಲ್ಲಿ ಗದ್ದೆ ತವ ಕಮಾನು ಕಟ್ಟವ್ರಲ್ಲ, ಕುದ್ರೆ ಇರೋದು... ಈಗ ಏನ್ ರೇಟ್ ನಡೀತದವ್ವ? ಕಾರ್ನರ್ ಯಾವ್ದಾದ್ರೂ ಉಳ್ಕಂಡಿದ್ರೆ ಒಂದ್ ಫೋನ್ ಮಾಡ್ಸಿ.’