ಅರ್ಥ್ ಗುಂಡಿಗೆ ಎರಡು ಬಿಂದಿಗೆ ನೀರು

ಶಿವರಾತ್ರಿ ಕಳೆದು ಬಿಸಿಲು ಚುರುಗುಟ್ಟಲು ಶುರುವಾಯಿತೆಂದರೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಒಂದು ಕೆಲಸ ಇದ್ದೇ ಇರುತ್ತದೆ. ಕಾಂಪೌಂಡಿನ ಮೂಲೆಯಲ್ಲಿ, ನಿಮ್ಮ ಕರಿಬೇವಿನ ಗಿಡದ ನೆರಳು ಬೀಳುವಲ್ಲಿ, ಒಂದು ಸಣ್ಣ ಗುಂಡಿಗೆ ಎರಡು ಬಿಂದಿಗೆ ನೀರು ಹುಯ್ಯೋದು. ಮೊನ್ನೆ ಗೋಡೆಯಾಚೆಯಿಂದ ಇಣುಕಿ, 'ಅಲ್ಲೇನ್ರೀ ನೆಟ್ಟಿದ್ದೀರಿ, ಒಂದು ಎಲೆನೂ ಕಾಣಿಸ್ತಿಲ್ವಲ್ಲ?' ಅಂದಿರಲ್ಲ, ಒಲೆ ಮೇಲೆ ಹಾಲಿತ್ತು, ಉತ್ತರ ಹೇಳದೆ ಒಳಗೆ ಓಡಿಬಿಟ್ಟೆ. ಈಗ ಹೇಳ್ತೀನಿ, ಕೂತ್ಕೊಳ್ಳಿ.

ಅಲ್ಲಿ ನೆಟ್ಟಿರೋದು ಒಂದು ಕಬ್ಬಿಣದ ಪೈಪು. ಸುತ್ತಲೂ ಇದ್ದಿಲು, ಉಪ್ಪು. ಮನೆಯೊಳಗಿನ ಮೂರು ಪಿನ್ನಿನ ಪ್ಲಗ್ಗುಗಳಲ್ಲಿ ಮೇಲಿನ ದಪ್ಪ ಪಿನ್ನು ಇದೆಯಲ್ಲ, ಅವೆಲ್ಲ ಗೋಡೆಯೊಳಗಿನ ತಂತಿ ಹಿಡಿದು ಕೊನೆಗೆ ಬಂದು ಮಣ್ಣು ಮುಟ್ಟೋದು ಅಲ್ಲೇ. ಮಣ್ಣು ಹಸಿಯಾಗಿದ್ದರೆ ಕರೆಂಟಿಗೆ ದಾರಿ ಸಲೀಸು, ಒಣಗಿದರೆ ದಾರಿ ಕಟ್ಟುತ್ತದೆ. ಮನೆ ಕಟ್ಟಿಸಿದ ಮೇಲೆ ಆ ಗುಂಡಿಯನ್ನು ನೆನೆಯುವವರು ಎಷ್ಟು ಜನ ಇದ್ದಾರೆ? ತುಳಸಿಗೆ ದಿನಾ ನೀರು ಹಾಕ್ತೀವಿ, ಇದಕ್ಕೆ ವರ್ಷಕ್ಕೊಂದು ಚೊಂಬೂ ಇಲ್ಲ, ಅಲ್ವಾ?

ನನಗೆ ಇದರ ನೆನಪು ಮಾಡಿಕೊಟ್ಟದ್ದು ಹಾಡು ಕೇಳುವ ಆಸೆ. ಅಟ್ಟದ ಮೇಲಿಟ್ಟಿದ್ದ ಹಳೆಯ ಟರ್ನ್‌ಟೇಬಲ್ ಇಳಿಸಿ, ದೂಳು ಒರೆಸಿ, ಆಂಪ್ಲಿಫೈಯರಿಗೆ ಜೋಡಿಸಿ ಮಲ್ಲಿಕಾರ್ಜುನ ಮನ್ಸೂರರ ಎಲ್‌ಪಿ ಹಾಕಿದೆ. ಸೂಜಿ ಇನ್ನೂ ತಟ್ಟೆ ಮುಟ್ಟಿಲ್ಲ, ಆಗಲೇ ಸ್ಪೀಕರಿನಿಂದ ಗುಂಯ್ಯ್ ಅಂತ ಒಂದೇ ಸಮನೆ ಸದ್ದು. ದುಂಬಿ ಡಬ್ಬಿಯೊಳಗೆ ಸಿಕ್ಕಿಕೊಂಡ ಹಾಗೆ. ಆವತ್ತು ಸಂಗೀತ ಕಲಿತ ನಮ್ಮ ಚಿಕ್ಕಮ್ಮ ಬಂದಿದ್ದರು, ಅವರದು ಬಿಳಿ ಒಂದರ ಶ್ರುತಿ. ಒಂದು ಗಳಿಗೆ ಕಿವಿಗೊಟ್ಟು ಕೇಳಿ, 'ಇದು ಪಂಚಮ ಕಣೋ, ಒಂದು ಕೂದಲೆಳೆ ಏರಿದೆ' ಅಂದರು. ಆಮೇಲೆ ಲೆಕ್ಕ ಹಾಕಿ ನೋಡಿದರೆ ಅವರ ಮಾತು ಪಕ್ಕಾ. ನಮ್ಮ ಮನೆಗೆ ಬರೋ ಕರೆಂಟು ಸೆಕೆಂಡಿಗೆ 50 ಸಲ ಹಿಂದೆ ಮುಂದೆ ತೂಗುತ್ತೆ. ಸ್ಪೀಕರಿನಲ್ಲಿ ಕೇಳಿದ ಗುಂಯ್ ಕೂಡ ಮುಖ್ಯವಾಗಿ ಅದೇ 50. ಬಿಳಿ ಒಂದರ ಅನುಮಂದ್ರದಲ್ಲಿ ಪಂಚಮ ಬರೋದು ಸುಮಾರು 49ಕ್ಕೆ. ಆ ಎರಡರ ವ್ಯತ್ಯಾಸವನ್ನು ಮೀಟರಿಲ್ಲದೆ, ಬರೀ ಕಿವಿಯಲ್ಲಿ ಹಿಡಿದುಬಿಟ್ಟರು ನೋಡಿ. ತಂಬೂರಿಯ ಪಕ್ಕದಲ್ಲಿ ಇನ್ನೊಂದು ತಂಬೂರಿ ಕೂತು ತಪ್ಪು ಮೀಟಿದ ಹಾಗಾಗುತ್ತೆ, ಕೇಳೋದು ಹ್ಯಾಗೆ?

ಸರಿ, ಮೂಲ ಹುಡುಕೋಣ ಅಂತ ಒಂದೊಂದೇ ಪ್ಲಗ್ಗು ಕಿತ್ತೆ. ಫ್ರಿಜ್ಜು ಅಲ್ಲ, ಟ್ಯೂಬ್‌ಲೈಟು ಅಲ್ಲ. ಕೊನೆಗೆ ಟೀವಿಯ ಸೆಟ್‌ಟಾಪ್ ಬಾಕ್ಸಿನ ಹಿಂದಿದ್ದ ಕೇಬಲ್ ತಿರುಪು ಬಿಚ್ಚಿದೆ ನೋಡಿ, ಮುಕ್ಕಾಲು ಪಾಲು ಸದ್ದು ಹೋಯ್ತು. ಕೇಬಲ್ಲಿನವರ ತಂತಿ ಬೀದಿ ಕಂಬಗಳ ಮೇಲೆ ಹಾದು ಬರುತ್ತೆ, ಅದಕ್ಕೆ ಎಲ್ಲೋ ಅದರದೇ ಅರ್ಥು. ಆಂಪ್ಲಿಗೆ ನಮ್ಮ ಗುಂಡಿಯ ಅರ್ಥು. ಟೀವಿ ಸದ್ದು ದೊಡ್ಡ ಸ್ಪೀಕರಲ್ಲಿ ಬರಲಿ ಅಂತ ಬಾಕ್ಸಿಗೂ ಆಂಪ್ಲಿಗೂ ನಡುವೆ ನಾನೇ ಒಂದು ವೈರು ಹಾಕಿದ್ದೆನಲ್ಲ, ಎರಡು ಅರ್ಥು ಅಲ್ಲಿ ಸಂಧಿಸಿದವು. ಎರಡು ಕೆರೆಗಳ ನೀರಿನ ಮಟ್ಟದಲ್ಲಿ ಒಂದು ಗೇಣು ವ್ಯತ್ಯಾಸ ಇದ್ದು ಮಧ್ಯೆ ಕಾಲುವೆ ತೋಡಿದರೆ ನೀರು ಹರಿಯದೆ ಇರುತ್ತಾ? ಹಾಗೇ ಇದು. ಹರಿದದ್ದು ಎಲ್ಲಿ ಅಂದರೆ, ಹಾಡು ಬರುವ ವೈರಿನ ಮೇಲ್ಹೊದಿಕೆಯಲ್ಲಿ, ಅಂದರೆ ಶೀಲ್ಡಿನಲ್ಲಿ. ಅದೇ ಶೀಲ್ಡು ಹಾಡಿಗೆ ವಾಪಸ್ ಹೋಗೋ ದಾರಿಯೂ ಹೌದು. ಹಾಗಾಗಿ ಹಾಡಿನ ಜೊತೆ ಗುಂಯ್ ಕೂಡ ಸಲೀಸಾಗಿ ಒಳಗೆ ಬಂತು.

ಆಗ ಒಬ್ಬ ರಿಪೇರಿಯವನನ್ನು ಕರೆಸಿದ್ದೆ. ಅವನು ಬಂದವನೇ ಕಟಿಂಗ್ ಪ್ಲೇಯರ್ ತೆಗೆದು, 'ಆಂಪ್ಲಿ ಪ್ಲಗ್ಗಿನ ಅರ್ಥ್ ಪಿನ್ನು ಕತ್ತರಿಸಿದ್ರೆ ಆಯ್ತು ಸಾರ್' ಅಂದ. ಕೈ ಹಿಡಿದು ನಿಲ್ಲಿಸಿದೆ. ಕತ್ತರಿಸಿದ್ದರೆ ಸದ್ದು ನಿಲ್ತಿತ್ತು, ಸುಳ್ಳಲ್ಲ. ಆದರೆ ನಾಳೆ ಆಂಪ್ಲಿಯೊಳಗೆ ಫೇಸ್ ತಂತಿ ಸಡಿಲವಾಗಿ ಲೋಹದ ಡಬ್ಬಿ ಮುಟ್ಟಿದರೆ 230 ವೋಲ್ಟು ಆ ಡಬ್ಬಿಯ ಮೇಲೆ ಸುಮ್ಮನೆ ಕೂತಿರುತ್ತೆ, ವಾಲ್ಯೂಮ್ ತಿರುಗಿಸೋಕೆ ಬರೋ ಮಗುವಿನ ಕೈಗಾಗಿ. ಆ ಪಿನ್ನನ್ನೇ ಒಮ್ಮೆ ಹಿಡಿದು ನೋಡಿ: ಉಳಿದೆರಡಕ್ಕಿಂತ ದಪ್ಪ, ಉಳಿದೆರಡಕ್ಕಿಂತ ಉದ್ದ. ದಪ್ಪ ಯಾಕೆಂದರೆ ತಪ್ಪಿಯೂ ಫೇಸಿನ ತೂತಿಗೆ ಹೋಗಬಾರದು. ಉದ್ದ ಯಾಕೆಂದರೆ ಚುಚ್ಚುವಾಗ ಅದೇ ಮೊದಲು ತಾಗಬೇಕು, ಕೀಳುವಾಗ ಅದೇ ಕೊನೆಗೆ ಬಿಡಬೇಕು. ಮದುವೆ ಮನೆಯ ಯಜಮಾನ ಹಾಗೆ, ಎಲ್ಲರಿಗಿಂತ ಮುಂಚೆ ಬಂದು ಎಲ್ಲರೂ ಹೋದ ಮೇಲೆ ಹೊರಡೋನು. ಇಷ್ಟು ಯೋಚಿಸಿ ಮಾಡಿದ್ದನ್ನು ಕಟ್ ಅಂತ ಕತ್ತರಿಸೋದಾ? ಎರಡು ಪಿನ್ನಿನ ಪ್ಲಗ್ಗು ಹೋಗಲಿ ಅಂತ ಸಾಕೆಟ್ಟಿನ ಅರ್ಥ್ ತೂತಿಗೆ ಪೆನ್ನು ತೂರಿಸ್ತಾರಲ್ಲ, ಅದನ್ನು ಕಂಡರೂ ನನಗೆ ಎದೆ ಝಲ್ ಅನ್ನುತ್ತೆ.

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ ಹೆಬ್ಬೆರಳು ಗಾತ್ರದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ತಂದೆ. ಬಾಕ್ಸಿಗೂ ಆಂಪ್ಲಿಗೂ ನಡುವೆ ಕೂರಿಸಿದೆ. ಹಾಡು ದಾಟುತ್ತೆ, ಅರ್ಥ್ ದಾಟಲ್ಲ. ಉಳಿದ ಪೆಟ್ಟಿಗೆಗಳನ್ನೆಲ್ಲ ಒಂದೇ ಸಾಕೆಟ್ಟಿನಿಂದ ಹೊರಟ ಒಂದೇ ಸ್ಟ್ರಿಪ್ಪಿಗೆ ಚುಚ್ಚಿದೆ. ಆ ರೋಡಿನಲ್ಲಿ ಒಮ್ಮೆ ಅಡ್ಡಾಡಬೇಕು ನೀವು. ಸ್ಪೀಕರ್ ವೈರನ್ನು ಮೊಳದ ಲೆಕ್ಕದಲ್ಲಿ ಅಳೆಯೋರನ್ನು ಅಲ್ಲಿ ಕಂಡೆ, ಮಲ್ಲಿಗೆ ಮಾರೋರ ಹಾಗೇ. ಸಾವಿರಾರು ರೂಪಾಯಿಯ ಬಣ್ಣದ ವೈರು ತಗೊಳ್ಳಿ ಅಂದರು, ನಾನು ಒಲ್ಲೆ ಅಂದೆ. 1.5 ಚದರ ಮಿ.ಮೀ. ತಾಮ್ರದ ತಂತಿ 5 ಮೀಟರ್ ದೂರ ಹೋಗಿ ಬಂದರೆ ಅದರ ತಡೆ ಸುಮಾರು 0.12 ಓಮ್. ಸ್ಪೀಕರು 8 ಓಮ್. ಇದರಲ್ಲಿ ಕಿವಿಗೆ ಗೊತ್ತಾಗೋ ನಷ್ಟ ಏನಿದೆ? ಶುದ್ಧ ತಾಮ್ರ, ಗಟ್ಟಿ ಜೋಡಣೆ, ಎರಡೂ ಕಡೆ ಪ್ಲಸ್ ಪ್ಲಸ್ಸಿಗೆ. ಅಷ್ಟೇ.

ಅಲ್ಲಿಗೂ ಟರ್ನ್‌ಟೇಬಲ್ಲಿನ ಗುಂಯ್ ಸ್ವಲ್ಪ ಉಳಿದಿತ್ತು. ಅದರ ಸೂಜಿ ಕೊಡೋದು ಬರೀ 5 ಮಿಲಿವೋಲ್ಟಿನ ಆಸುಪಾಸು, ಗೋಡೆಯ ಕರೆಂಟು ಅದರ 46 ಸಾವಿರ ಪಟ್ಟು. ಸಾಲದ್ದಕ್ಕೆ, ಎಲ್‌ಪಿ ಕೊರೆಯುವಾಗ ಮಂದ್ರವನ್ನು ತಗ್ಗಿಸಿರ್ತಾರೆ, ನುಡಿಸುವಾಗ ಆಂಪ್ಲಿ ಅದನ್ನು ಮತ್ತೆ ಎತ್ತುತ್ತೆ. 50 ಹರ್ಟ್ಸ್ ಹತ್ತಿರ ಆ ಎತ್ತುವಿಕೆ ಸುಮಾರು 7 ಪಟ್ಟು. ಪಿಸುಮಾತು ಕೇಳೋಕೆ ಕಿವಿ ಅಗಲ ಮಾಡಿದರೆ ಬೀದಿ ಗಲಾಟೆಯೂ ಜೊತೆಗೇ ಬರುತ್ತಲ್ಲ, ಹಾಗೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ತಂದು ವೈರಿಗೆ ಸುತ್ತಿ ನೋಡಿದೆ. ಫ್ಯಾರಡೆ 1836ರಲ್ಲೇ ಲೋಹದ ಪಂಜರ ಕಟ್ಟಿ ಒಳಗೆ ಕೂತು ವಿದ್ಯುತ್ತು ಒಳಗೆ ಬರಲ್ಲ ಅಂತ ತೋರಿಸಿದ್ದ, ಅದು ನಿಜ. ಆದರೆ ಆಂಪ್ಲಿಯೊಳಗಿನ ಟ್ರಾನ್ಸ್‌ಫಾರ್ಮರ್ ಸುತ್ತ ಹರಡೋದು ಅಯಸ್ಕಾಂತದ ಬಲ, 50 ಹರ್ಟ್ಸಿನಲ್ಲಿ ಅದಕ್ಕೆ ತೆಳು ಅಲ್ಯೂಮಿನಿಯಂ ಲೆಕ್ಕಕ್ಕೇ ಇಲ್ಲ. ಆಂಪ್ಲಿಯ ಮೇಲೇ ಕೂತಿದ್ದ ಟರ್ನ್‌ಟೇಬಲನ್ನು ಎರಡು ಅಡಿ ಪಕ್ಕಕ್ಕೆ ಸರಿಸಿದೆ. ಅದರ ಬಾಲದಂತಿರೋ ಸಣ್ಣ ಅರ್ಥ್ ತಂತಿಯನ್ನು ಆಂಪ್ಲಿಯ ತಿರುಪಿಗೆ ಬಿಗಿದೆ. ಕರೆಂಟಿನ ವೈರೂ ಹಾಡಿನ ವೈರೂ ಜೊತೆಜೊತೆಗೆ ಮಲಗಿದ್ದವು, ಅವನ್ನು ಬಿಡಿಸಿ, ದಾಟಲೇಬೇಕಾದ ಕಡೆ ಅಡ್ಡಡ್ಡ ದಾಟಿಸಿದೆ. ದುಂಬಿ ಹಾರಿಹೋಯ್ತು.

ಈಗ ಸಂಜೆ ದೀಪ ಹಚ್ಚಿದ ಮೇಲೆ ತಟ್ಟೆ ಹಾಕಿದರೆ ಮೊದಲು ಬರೋದು ಸೂಜಿಯ ಚಿಟಪಟ, ಆಮೇಲೆ ತಂಬೂರಿ, ಆಮೇಲೆ ಮನ್ಸೂರರು ಉಸಿರು ಎಳೆದುಕೊಳ್ಳೋದು. ಆ ಉಸಿರು ಇಷ್ಟು ದಿನ ಕೇಳಿಸಿಯೇ ಇರಲಿಲ್ಲ. ಕರೆಂಟು ಹೋದಾಗ ಮಾತ್ರ ನಿಲ್ಲಿಸ್ತೀನಿ, ನಮ್ಮದು ಹಳೆಯ ಸ್ಕ್ವೇರ್ ವೇವ್ ಇನ್ವರ್ಟರು, ಅದರ ಕರೆಂಟು ಕೊಟ್ಟರೆ ಸ್ಪೀಕರು ಬುರ್ ಅನ್ನುತ್ತೆ.

ಗುಂಡಿಗೆ ನೀರು ಹಾಕಿದ್ದಕ್ಕೆ ಗುಂಯ್ ನಿಂತಿದ್ದಲ್ಲ ಮತ್ತೆ, ಹಾಗೆ ತಿಳ್ಕೋಬೇಡಿ. ನೀರು ಕಾಯೋದು ಮನೆಯವರ ಜೀವವನ್ನು. ಅಂದ ಹಾಗೆ, ಹೋದ ವರ್ಷ ನೀವು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿದಿರಲ್ಲ, ನಿಮ್ಮ ಮನೆಯ ಗುಂಡಿ ಅದರ ಕೆಳಗೆ ಮುಚ್ಚಿಹೋಗಿಲ್ಲ ತಾನೆ? ಈ ಭಾನುವಾರ ಒಮ್ಮೆ ಹುಡುಕಿ ನೋಡಿ. ಸಿಕ್ಕರೆ ಒಂದು ಕೂಗು ಹಾಕಿ, ಬಿಂದಿಗೆ ನಾನೇ ತರ್ತೀನಿ.