ಡೀಜಿಯಣ್ಣ

ಕರೆಂಟು ಹೋದ ಕೂಡಲೇ ಎಲ್ಲರೂ ತಲೆಯೆತ್ತಿ ಫ್ಯಾನು ನಿಲ್ಲುವುದನ್ನು ನೋಡುತ್ತಾರೆ. ಪೀಣ್ಯದ ಯಾವ ಕಾರ್ಖಾನೆಗಾದರೂ ಹೋಗಿ, ಹಾಗೆ ಮೇಲೆ ನೋಡದವನು ಒಬ್ಬನಿರುತ್ತಾನೆ. ಅವನು ಆಗಲೇ ಎದ್ದು ಶೆಡ್ಡಿನ ಹಿಂಬಾಗಿಲ ಕಡೆ ಹೊರಟಿರುತ್ತಾನೆ. ಓಡುವುದಿಲ್ಲ, ನಡೆಯುತ್ತಾನೆ. ಹಿಂದಿನಿಂದ ಯಾರಾದರೂ "ಅಣ್ಣಾ, ಸ್ವಲ್ಪ ಬೇಗ!" ಅಂದರೆ ಆ ನಡಿಗೆ ಇನ್ನಷ್ಟು ನಿಧಾನವಾಗುತ್ತದೆ. ಸಂಬಳದ ಪಟ್ಟಿಯಲ್ಲಿ ಅವನಿಗೂ ಒಂದು ಹೆಸರಿದೆ. ಅದು ಅಕೌಂಟ್ಸ್ ಮೇಡಂಗೆ ಬಿಟ್ಟರೆ ಇನ್ಯಾರಿಗೂ ಗೊತ್ತಿಲ್ಲ. ಊರಿಗೆಲ್ಲ ಅವನು ಡೀಜಿಯಣ್ಣ.

ಕಾರ್ಖಾನೆಯಲ್ಲಷ್ಟೇ ಅಲ್ಲ, ಕಲ್ಯಾಣಮಂಟಪದ ಹಿತ್ತಲಲ್ಲಿ, ನರ್ಸಿಂಗ್ ಹೋಮಿನ ಪಕ್ಕದ ಓಣಿಯಲ್ಲಿ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ, ಎಲ್ಲಿ ಡೀಸೆಲ್ ಜನರೇಟರ್, ಅಂದರೆ ಡೀಜಿ ಇದೆಯೋ ಅಲ್ಲೆಲ್ಲ ಅವನಿದ್ದಾನೆ. ಕೈ ಮುರಿದ ಪ್ಲಾಸ್ಟಿಕ್ ಕುರ್ಚಿ, ಒಂದು ಮೂಟೆ ಬನಿಯನ್ ವೇಸ್ಟು, ಹೋದ ವರ್ಷದ ಕ್ಯಾಲೆಂಡರು, ಇಷ್ಟು ಕಂಡರೆ ಅದೇ ಅವನ ಆಫೀಸು. ನಾನು ಬಲ್ಲ ಡೀಜಿಯಣ್ಣನ ವಶದಲ್ಲಿರುವುದು 125 ಕೆವಿಎ ಯಂತ್ರ. ಕರೆಂಟು ಹೋದರೆ ತಾನೇ ಸ್ಟಾರ್ಟ್ ಆಗುವ ಪ್ಯಾನೆಲ್ಲು ಅದಕ್ಕಿದೆ. ಅದರ ಸ್ವಿಚ್ಚನ್ನು ಅವನು ಯಾವತ್ತೂ ಮ್ಯಾನ್ಯುಯಲ್‌ನಿಂದ ಆಟೋಗೆ ತಿರುಗಿಸಿದ್ದಿಲ್ಲ.

"ಆಟೋಗೆ ಕಣ್ಣಿಲ್ಲ ಸಾರ್. ಒಳಗೆ ಬೆಕ್ಕು ಮರಿ ಹಾಕಿರ್ತದೆ. ಇದು ತಾನೇ ಸ್ಟಾರ್ಟ್ ಆಗೋಯ್ತು ಅಂದ್ರೆ ಪಾಪ ಯಾರಿಗೆ?"

ಯಂತ್ರಕ್ಕೆ ಹೊದಿಸಿದ ತಗಡಿನ ಗೂಡಿನೊಳಗೆ, ಅಂದರೆ ಕೆನಪಿಯೊಳಗೆ, ಬೆಚ್ಚಗಿರುವುದರಿಂದ ಬೆಕ್ಕು ಬರುವುದು ನಿಜ. ಸ್ವಿಚ್ಚು ಆಟೋದಲ್ಲಿದ್ದರೆ ತನಗೆ ಕೆಲಸ ಇರುವುದಿಲ್ಲ ಎಂಬುದೂ ನಿಜ. ಎರಡರಲ್ಲಿ ಅವನು ಬೆಕ್ಕಿನ ವಿಷಯವನ್ನು ಮಾತ್ರ ಹೇಳುತ್ತಾನೆ.

ಬೆಳಿಗ್ಗೆ ಅವನು ಕೆಲಸಕ್ಕೆ ಬರುವುದನ್ನು ನೋಡಬೇಕು. ಬಸ್ಸಿಳಿದು ಬರುವಾಗಲೇ ಅಕ್ಕಪಕ್ಕದ ಕಾರ್ಖಾನೆಗಳ ಸೈಲೆನ್ಸರ್ ಕೊಳವೆಗಳ ಮೇಲೆ ಕಣ್ಣು. ಹೊಗೆಯ ಬಣ್ಣದಲ್ಲೇ ಅವರ ಮನೆಯ ಗುಟ್ಟೆಲ್ಲ ಅವನಿಗೆ ತಿಳಿಯುತ್ತದೆ. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ, ಇಲ್ಲವೇ ತಾಳಲಾರದ ಲೋಡು ಹೇರಿದ್ದಾರೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟು ಒಳಗೆ ಸೇರುತ್ತಿರಬೇಕು. ನೀಲಿ ಬಂತೆಂದರೆ ಇಂಜಿನ್ನು ಡೀಸೆಲ್ ಜೊತೆ ಆಯಿಲನ್ನೂ ಸುಡುತ್ತಿದೆ. "ಪಕ್ಕದೋರ್ದು ರಿಂಗ್ ಹೋಗಿ ಆರು ತಿಂಗ್ಳಾಯ್ತು, ಮಾಡಿಸ್ತಿಲ್ಲ. ದುಡ್ಡಿಗೆ ಬಿಗಿ ಇದೆ. ಈ ಸಲ ಅಲ್ಲಿ ಬೋನಸ್ ಡೌಟು" ಎಂದು ಅವನು ನಮ್ಮ ಕ್ಯಾಂಟೀನಿನಲ್ಲಿ ಘೋಷಿಸುತ್ತಾನೆ. ಅಲ್ಲಿ ಬೋನಸ್ ಬಂದೇ ಬಂತು. "ಸಾಲ ಮಾಡಿ ಕೊಟ್ಟವ್ರೆ" ಅಂದ.

ಒಳಗೆ ಬಂದವನು ಚಪ್ಪಲಿ ಬಿಟ್ಟು ಸೇಫ್ಟಿ ಶೂ ಹಾಕಿ, ಮೊದಲು ನೆಲ ನೋಡುತ್ತಾನೆ. ರಾತ್ರಿ ಏನಾದರೂ ತೊಟ್ಟಿಕ್ಕಿದ್ದರೆ ನೆಲ ಸುಳ್ಳು ಹೇಳುವುದಿಲ್ಲವಂತೆ. ಆಮೇಲೆ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಅದ್ದಿ, ಎರಡು ಗೀಟಿನ ನಡುವೆ ಆಯಿಲ್ ಎಲ್ಲಿದೆ ಎಂದು ಬೆಳಕಿಗೆ ಹಿಡಿದು ನೋಡುತ್ತಾನೆ. ಒಂದು ಹನಿಯನ್ನು ಬೆರಳ ನಡುವೆ ಉಜ್ಜಿ ಮೂಸುತ್ತಾನೆ. ಡೀಸೆಲ್ ವಾಸನೆ ಬಂದರೆ ಡೀಸೆಲ್ಲು ಎಲ್ಲೋ ಸೋರಿ ಆಯಿಲ್ ಸಂಪಿಗಿಳಿಯುತ್ತಿದೆ. ಹಾಲು ಬೆರೆಸಿದ ಕಾಫಿಯ ಬಣ್ಣ ಕಂಡರೆ ನೀರು ಸೇರಿದೆ, ಇಂಜಿನ್ ಮುಟ್ಟುವಂತಿಲ್ಲ. ಡೀಸೆಲ್ ಫಿಲ್ಟರಿನ ಕೆಳಗಿನ ನೀರನ್ನು ಬಸಿದು, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ, ಬ್ಯಾಟರಿ ಟರ್ಮಿನಲ್ಲಿನ ಬಿಳಿ ಪುಡಿ ಒರೆಸಿ, ಅಲ್ಲಿಗೆ ವ್ಯಾಸಲೀನ್ ಸವರುತ್ತಾನೆ. ಅದೇ ಡಬ್ಬಿಯಿಂದ ಚಳಿಗಾಲದಲ್ಲಿ ತುಟಿಗೂ ಸವರಿಕೊಳ್ಳುತ್ತಾನೆ.

ಅವನ ನಿಜವಾದ ಹೆಮ್ಮೆಯೆಂದರೆ ಕಿವಿ. ಇಂಜಿನ್ನು ನಿಮಿಷಕ್ಕೆ 1500 ಸುತ್ತು ತಿರುಗಿದರೆ 50 ಹರ್ಟ್ಸ್. ಅವನ ಪಾಲಿಗೆ ಅದೇ ಆಧಾರಶ್ರುತಿ. ದೊಡ್ಡ ಲೋಡು ಬಿದ್ದು ಸದ್ದು ಒಂದು ಎಳೆ ಕುಗ್ಗಿ, ಗವರ್ನರ್ರು ಡೀಸೆಲ್ ಕೊಟ್ಟು ಮೇಲೆತ್ತುವಷ್ಟರಲ್ಲಿ, ರಾಮನವಮಿ ಕಚೇರಿಯ ಮುಂದಿನ ಸಾಲಿನಲ್ಲಿ ಕೂತ ಹಳೇ ರಸಿಕರ ಹಾಗೆ ಅವನ ಮುಖ ಒಮ್ಮೆ ಹಿಂಡಿ ಸಡಿಲಾಗುತ್ತದೆ. ಅದಕ್ಕೇ ಅವನು ಎಲ್ಲ ಮೋಟಾರುಗಳನ್ನೂ ಒಟ್ಟಿಗೆ ಹಾಕಲು ಬಿಡುವುದಿಲ್ಲ. ನೇರವಾಗಿ ಸ್ಟಾರ್ಟ್ ಮಾಡಿದ ಮೋಟಾರು ಆ ಕ್ಷಣಕ್ಕೆ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಮೊದಲು ಕಂಪ್ರೆಸರ್, ಅದು ನೆಲೆ ನಿಂತ ಮೇಲೆ ಲೇಥುಗಳು, ಆಮೇಲೆ ಗ್ರೈಂಡಿಂಗ್. ಈ ಸರದಿಯನ್ನು ಮೀರಿ ಬಟನ್ ಒತ್ತಿದ ಗ್ರೈಂಡಿಂಗ್ ಹುಡುಗನನ್ನು ಹುಡುಕಿಕೊಂಡು ಶಾಪ್ ಫ್ಲೋರಿಗೇ ಬಂದು ಬಿಡುತ್ತಾನೆ. "ಯಾವನ್ಲೇ ಅದು, ಊಟದ ಪಂಕ್ತೀಲಿ ಪಾಯಸಕ್ಕೆ ಮೊದ್ಲು ಕೈ ಹಾಕ್ದೋನು?"

ಆದರೆ ಆ ಕಿವಿಗೆ ಇಂಜಿನ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಕೆನಪಿಯಿಲ್ಲದ ಕಾಲದಲ್ಲಿ ನೂರು ಡೆಸಿಬೆಲ್ ದಾಟುವ ಸದ್ದಿನ ಪಕ್ಕದಲ್ಲೇ ನಿಂತು ವರ್ಷಗಟ್ಟಲೆ ದುಡಿದ ಫಲ. ಇಯರ್ ಮಫ್ ಕೊಟ್ಟಿದ್ದಾರೆ. ಅದನ್ನು ಹಾಕಿಕೊಂಡರೆ ಇಂಜಿನ್ನು ಏನು ಹೇಳುತ್ತಿದೆ ಎಂದು ತಿಳಿಯುವುದು ಹೇಗೆ ಎಂಬುದು ಅವನ ವಾದ. ಹಾಗಾಗಿ ಮಫ್ಫು ಮೊಳೆಗೆ ನೇತಾಡುತ್ತದೆ. ಅಪ್ರೆಂಟಿಸ್ ಹುಡುಗ ಬರಿಗಿವಿಯಲ್ಲಿ ಒಳಗೆ ಕಾಲಿಟ್ಟರೆ ಮಾತ್ರ ಅದೇ ಮಫ್ಫನ್ನು ತೆಗೆದು ಅವನ ತಲೆಗೆ ಅಮುಕುತ್ತಾನೆ. ಅವನಿಗೆ ಕೇಳಿಸದ ಹೆಂಡತಿಯ ಫೋನನ್ನು ನಾವೇ ಓಡಿಹೋಗಿ ತಿಳಿಸಬೇಕು.

ಐಟಿಐ ಮುಗಿಸಿ ಬಂದ ಈ ಹುಡುಗರಿಗೆ ಅವನ ಮೊದಲ ದಿನದ ಪಾಠ ಯಾವಾಗಲೂ ರೇಡಿಯೇಟರ್ ಮುಚ್ಚಳದ್ದು.

"ಇಂಜಿನ್ ಬಿಸಿ ಇದೆ. ಕೂಲೆಂಟು ಕಮ್ಮಿ ಇದೆ ಅಂತ ಡೌಟು. ಏನ್ ಮಾಡ್ತೀಯ?"

"ಕ್ಯಾಪ್ ತೆಗ್ದು ನೋಡ್ತೀನಣ್ಣ."

"ಆಮೇಲೆ ನಿಮ್ಮಮ್ಮ ನಿನ್ನ ಮುಖ ನೋಡ್ತಾಳೆ, ಗುರ್ತು ಸಿಗಲ್ಲ."

ಒಳಗೆ ಒತ್ತಡವಿರುವುದರಿಂದ ನೂರು ಡಿಗ್ರಿ ದಾಟಿದರೂ ಕೂಲೆಂಟು ಕುದಿಯದೆ ಕೂತಿರುತ್ತದೆ; ಮುಚ್ಚಳ ತಿರುಗಿಸಿದ ಗಳಿಗೆಯಲ್ಲಿ ಅದು ಕುದಿದು ಹಬೆಯೊಡನೆ ಮುಖಕ್ಕೆ ನುಗ್ಗುತ್ತದೆ. ಇಂಜಿನ್ ಆರಿದ ಮೇಲಷ್ಟೇ ಅದಕ್ಕೆ ಕೈ. ಒಳಗೆ ಬಗ್ಗಿ ಕೆಲಸ ಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಡಬೇಕು, ಇಲ್ಲದಿದ್ದರೆ ಯಾರೋ ಪುಣ್ಯಾತ್ಮ ಪ್ಯಾನೆಲ್ಲಿನಲ್ಲಿ ಬಟನ್ ಒತ್ತಿಯಾನು. ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ, ಆದ್ದರಿಂದ ಬೀಡಿ ಗೇಟಿನಾಚೆ. ಫ್ಯಾನಿನ ಹತ್ತಿರ ಸಡಿಲ ಬಟ್ಟೆ ಕೂಡದು. ಇದನ್ನೆಲ್ಲ ಹೇಳುವಾಗ ಅವನ ಹೆಗಲಲ್ಲಿ ಎರಡು ಮೊಳದ ಟವಲ್ಲು ಓಲಾಡುತ್ತಿರುತ್ತದೆ. ಹುಡುಗ ಅದನ್ನೇ ನೋಡಿದರೆ, "ಇದಕ್ಕೆ ಅಭ್ಯಾಸ ಆಗಿದೆ" ಎನ್ನುತ್ತಾನೆ. ಅಭ್ಯಾಸ ಆಗಿರುವುದು ಫ್ಯಾನಿಗೋ ಟವಲ್ಲಿಗೋ ಅವನು ಬಿಡಿಸಿ ಹೇಳಿಲ್ಲ. ಮಧ್ಯಾಹ್ನ ಅವನ ಊಟದ ಡಬ್ಬಿ ಬಿಸಿಯಾಗುವುದು ಸೈಲೆನ್ಸರ್ ಪೈಪಿನ ಪಕ್ಕದ ತಗಡಿನ ಮೇಲೆ ಎಂಬುದನ್ನು ಸೇಫ್ಟಿ ಆಡಿಟ್‌ನವರು ಇನ್ನೂ ಕಂಡುಹಿಡಿದಿಲ್ಲ.

ಒಂದು ವಿಷಯಕ್ಕೆ ಮಾತ್ರ ಅವನು ಸಲಿಗೆ ಕೊಡುವುದಿಲ್ಲ, ತನಗೂ ಸೇರಿಸಿ. ಅದು ಚೇಂಜ್ ಓವರ್, ಲೋಡನ್ನು ಲೈನಿನಿಂದ ಬಿಡಿಸಿ ಜನರೇಟರಿಗೆ ಕೊಡುವ ಸ್ವಿಚ್ಚು. ಒಂದು ಸಲ ಆ ಸ್ವಿಚ್ಚು ಕೆಟ್ಟಾಗ, ಡೆಲಿವರಿ ಅವಸರದಲ್ಲಿದ್ದ ಸೂಪರ್‌ವೈಸರ್, "ಎರಡು ವೈರ್ ನೇರ ಕೊಟ್ಬಿಡಿ, ಸಂಜೆಗೆ ಸರಿ ಮಾಡೋಣ" ಅಂದ. ಡೀಜಿಯಣ್ಣ ಇಂಜಿನ್ನಿನ ಕೀ ತೆಗೆದು ಜೇಬಿಗೆ ಹಾಕಿಕೊಂಡು ಕುರ್ಚಿಯಲ್ಲಿ ಕೂತುಬಿಟ್ಟ. ನಮ್ಮ 415 ವೋಲ್ಟು ಹಿಮ್ಮುಖವಾಗಿ ಲೈನಿಗೆ ಹರಿದರೆ ಬೀದಿಯ ಟ್ರಾನ್ಸ್‌ಫಾರ್ಮರ್ ಅದನ್ನು 11,000 ವೋಲ್ಟಿಗೆ ಏರಿಸುತ್ತದೆ. ಕರೆಂಟಿಲ್ಲ ಎಂದು ನಂಬಿ ಅಲ್ಲಿ ಕಂಬ ಹತ್ತಿರುವ ಲೈನ್‌ಮನ್ ಉಳಿಯುವುದಿಲ್ಲ. ಸೂಪರ್‌ವೈಸರ್ ಕೂಗಾಡಿದ. ಕೂಗಾಟ ಕೇಳಿಸಲಿಲ್ಲ ಎಂಬಂತೆ ಇವನು ಇದ್ದ. ಬಹುಶಃ ನಿಜಕ್ಕೂ ಕೇಳಿಸಿರಲಿಲ್ಲ.

ಯಜಮಾನರದು ಇನ್ನೊಂದು ಬಗೆಯ ಜಗಳ. ಅವರ ತಲೆಯಲ್ಲಿ ಒಂದೇ ಲೆಕ್ಕ: ಒಂದು ಲೀಟರ್ ಡೀಸೆಲ್ಲಿಗೆ ಮೂರು, ಹೆಚ್ಚೆಂದರೆ ಮೂರೂವರೆ ಯೂನಿಟ್. ಭಾನುವಾರ ಆಫೀಸಿಗೆ ಬಂದಾಗ ಕರೆಂಟು ಹೋದರೆ, "ನನ್ನ ರೂಮಿನ ಎಸಿ ಒಂದೇ ಹಾಕಪ್ಪ, ಡೀಸೆಲ್ ಉಳೀಲಿ" ಎನ್ನುತ್ತಾರೆ. ಎಸಿ ಜೊತೆಗೆ ಡೀಜಿಯಣ್ಣ ಕಂಪ್ರೆಸರ್ರು, ಓವನ್ನು, ಯಾರೂ ಇಲ್ಲದ ಶಾಪ್ ಫ್ಲೋರಿನ ದೀಪಗಳು ಎಲ್ಲವನ್ನೂ ಹಾಕುತ್ತಾನೆ. 125 ಕೆವಿಎ ಅಂದರೆ 100 ಕಿಲೋವ್ಯಾಟ್. ಕಾಲು ಭಾಗವೂ ಲೋಡಿಲ್ಲದೆ ಗಂಟೆಗಟ್ಟಲೆ ಓಡಿಸಿದರೆ ಒಳಗೆ ಶಾಖ ಸಾಲದೆ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರಿನಿಂದ ಕರಿ ಜಿಡ್ಡು ಇಳಿಯುತ್ತದೆ. "ಮೂವತ್ತು ಪರ್ಸೆಂಟಾದ್ರೂ ಹೊರೆ ಕೊಡಿ ಸಾರ್. ದುಡೀದೇ ಕೂತ್ರೆ ಇದೂ ಕೆಡ್ತದೆ." ಆ "ಇದೂ" ಎಂಬಲ್ಲಿ ಅವನು ಯಾರನ್ನು ಸೇರಿಸಿದ ಎಂದು ಯಜಮಾನರು ಇನ್ನೂ ಯೋಚಿಸುತ್ತಿದ್ದಾರೆ. ಆಯಿಲ್ ಬದಲಿಸುವಾಗಲೂ ಅದೇ ರಾಮಾಯಣ. ವರ್ಷದಲ್ಲಿ ಸರಿಯಾಗಿ ಓಡಿಯೇ ಇಲ್ಲವಲ್ಲ, ಯಾಕೆ ಬದಲಿಸಬೇಕು? ಓಡಲಿ ಬಿಡಲಿ, ಕಾಲ ಕಳೆದರೆ ಆಯಿಲ್ ಸತ್ವ ಕಳೆದುಕೊಳ್ಳುತ್ತದೆ ಎಂಬ ಉತ್ತರ ಅವರಿಗೆ ಡೀಜಿಯಣ್ಣ ಕಟ್ಟಿದ ನೆಪದ ಹಾಗೆ ಕೇಳಿಸುತ್ತದೆ.

ಇದಕ್ಕಿಂತ ದೊಡ್ಡ ಕಲಹ ಕರೆಂಟು ವಾಪಸ್ ಬಂದಾಗ. ಲೋಡು ಲೈನಿಗೆ ಹೋಯಿತು, ದೀಪ ಉರಿಯಿತು, ಇಂಜಿನ್ನು ಮಾತ್ರ ಇನ್ನೂ ಗುರುಗುಟ್ಟುತ್ತಿದೆ. ಟರ್ಬೊ ನಿಮಿಷಕ್ಕೆ ಲಕ್ಷದ ಆಸುಪಾಸು ಸುತ್ತು ತಿರುಗಿ ಕೆಂಪಗೆ ಕಾದಿರುತ್ತದೆ. ಹಠಾತ್ತನೆ ನಿಲ್ಲಿಸಿದರೆ ಆಯಿಲ್ ಹರಿಯುವುದು ನಿಂತು ಅದರ ಬೇರಿಂಗಿನಲ್ಲೇ ಸುಟ್ಟು ಕರಕಲಾಗುತ್ತದೆ. ಐದು ನಿಮಿಷ ಲೋಡಿಲ್ಲದೆ ಓಡಬೇಕು. ಆ ಐದು ನಿಮಿಷ ಯಜಮಾನರು ಕಿಟಕಿಯಿಂದ ಬಗ್ಗಿ ನೋಡುತ್ತಾರೆ, ಡೀಜಿಯಣ್ಣ ಆಕಾಶ ನೋಡುತ್ತಾನೆ.

ಆಯುಧಪೂಜೆಯ ದಿನ ಅವನೇ ನಮ್ಮ ಆಗಮಪಂಡಿತ. ಲಾರಿ, ವ್ಯಾನುಗಳಿಗೆ ಚಕ್ರದಡಿ ನಿಂಬೆಹಣ್ಣು ಇಡುತ್ತಾರೆ. ಜನರೇಟರಿಗೆ ಚಕ್ರವಿಲ್ಲ. ಫೌಂಡೇಶನ್ನಿನ ನಾಲ್ಕು ಮೂಲೆಗೆ ನಾಲ್ಕಿಡುತ್ತಾರೆ; ಅವು ಜಜ್ಜಿ ಹೋಗದೆ ಒಣಗಿ ಸಂಕ್ರಾಂತಿಯವರೆಗೂ ಕೂತಿರುತ್ತವೆ. ಒಮ್ಮೆ ಹುಡುಗರು ಭಕ್ತಿಯಿಂದ ಕೆನಪಿಗೆ ಬಾಳೆಕಂದು ಕಟ್ಟಿದ್ದರು, ಸರಿಯಾಗಿ ಗಾಳಿ ಒಳಗೆ ಹೋಗುವ ಜಾಲರಿಯ ಮೇಲೆ. "ಮೂಗು ಮುಚ್ಚಿ ಹಾರ ಹಾಕ್ತೀರೇನ್ರೋ" ಎಂದು ಅದನ್ನೆಲ್ಲ ಕಿತ್ತು ಪ್ಯಾನೆಲ್ಲಿನ ಕಡೆಗೆ ವರ್ಗಾಯಿಸಿದ. ಭಟ್ಟರು ಕರ್ಪೂರ ಹಚ್ಚಿ ಡೀಸೆಲ್ ಟ್ಯಾಂಕಿನ ಬಳಿ ಬಂದಾಗ ಅಡ್ಡ ನಿಂತ. "ಸ್ವಾಮಿ, ದೇವರಿಗೆ ಅಲ್ಲಿಂದ್ಲೇ ಕಾಣ್ತದೆ." ಮಂಗಳಾರತಿ ಹತ್ತಡಿ ದೂರದಿಂದ ಆಯಿತು. ತಟ್ಟೆಯ ದಕ್ಷಿಣೆಯೂ ಹತ್ತಡಿ ದೂರದಲ್ಲೇ ಉಳಿಯಿತು.

ಅವನ ಸುವರ್ಣಯುಗ ಲೋಡ್ ಶೆಡ್ಡಿಂಗಿನ ಕಾಲ. ಬೆಸ್ಕಾಂ ಅನ್ನು ಅವನು ಈಗಲೂ ಕೆಇಬಿ ಎಂದೇ ಕರೆಯುವುದು, ಅದೂ ಪ್ರೀತಿಯಿಂದ. ಈಗ ಕರೆಂಟು ಹೋಗುವುದು ಕಡಿಮೆಯಾಗಿದೆ. ವಾರಕ್ಕೊಮ್ಮೆ ಲೋಡು ಕೊಟ್ಟು ಓಡಿಸಿ ನೋಡುವುದೇ ಮುಖ್ಯ ಕೆಲಸ. ಮೂರು ದಿನ ಸತತವಾಗಿ ಕರೆಂಟಿದ್ದರೆ ಅವನಿಗೆ ಸಿಡಿಮಿಡಿ. 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋಗಿದ್ದನ್ನು ನಾನು ಅಭಿಮಾನದಿಂದ ಹೇಳಿದೆ. "ಸ್ಟ್ಯಾಂಡ್‌ಬೈ ಏನಿಟ್ಟಿದ್ರು ಸಾರ್?" ಎಂದು ಕೇಳಿದ.

2023ರ ಜುಲೈಯಿಂದ ಹೊಸ ಜನರೇಟರುಗಳಿಗೆ ಹೊಗೆಯ ನಿಯಮ ಇನ್ನೂ ಬಿಗಿಯಾದ ಮೇಲೆ, ನಮ್ಮಲ್ಲೂ ಹಳೆಯದು ಹೋಗಿ ಸೆನ್ಸರುಗಳ ಹೊಸ ಇಂಜಿನ್ ಬಂತು. ಸರ್ವಿಸ್ ಇಂಜಿನಿಯರ್ ಲ್ಯಾಪ್‌ಟಾಪ್ ಸಮೇತ ಬರುವ ಹುಡುಗ. ಮೊನ್ನೆ ಇಂಜಿನ್ನು ಎಳೆಯದೆ ಒದ್ದಾಡಿದಾಗ ಡೀಜಿಯಣ್ಣ ಕಣ್ಣು ಮುಚ್ಚಿ ಆಲಿಸಿ "ಇಂಜೆಕ್ಟರು" ಎಂದು ತೀರ್ಪು ಕೊಟ್ಟ. ಲ್ಯಾಪ್‌ಟಾಪು ಏರ್ ಫಿಲ್ಟರ್ ಅಂದಿತು. ಬಿಚ್ಚಿದರೆ ಫಿಲ್ಟರಿನ ತುಂಬ ಪೀಣ್ಯದ ಧೂಳು. "ಅದೇ ನಾನೂ ಹೇಳಿದ್ದು, ಉಸಿರಿನ ತೊಂದ್ರೆ ಅಂತ" ಎಂದು ಹುಡುಗನ ಬೆನ್ನು ತಟ್ಟಿದ. ಲಾಗ್ ಬುಕ್ಕಿನಲ್ಲಿ ಆ ದಿನದ ಷರಾ: "ಸದ್ದು ಬೇರೆ ಇತ್ತು. ಹೇಳಿದೆ. ಸರಿ ಹೋಯಿತು."

ಕಳೆದ ಬೇಸಿಗೆ ಅವನ ತಮ್ಮನ ಮಗನ ಮದುವೆಗೆ ನಾವೆಲ್ಲ ಹೋಗಿದ್ದೆವು. ಮುಹೂರ್ತದ ಹೊತ್ತಿಗೆ ಕರೆಂಟು ಹೋಯಿತು. ಬಾಡಿಗೆ ಜನರೇಟರಿನ ಹುಡುಗ ಗಾಡಿಯನ್ನು ಊಟದ ಹಾಲಿನ ಕಿಟಕಿಗೇ ಹೊಗೆ ಹೋಗುವಂತೆ ನಿಲ್ಲಿಸಿದ್ದ. ದೊಡ್ಡಪ್ಪ ಮಂಟಪದಿಂದ ಮಾಯ. ಹೊಗೆಯೊಳಗಿನ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಒಳಗಿದ್ದವರಿಗೆ ತಿಳಿಯುವುದೂ ಇಲ್ಲ ಎಂದು ಹಿತ್ತಲಲ್ಲಿ ಅವನು ಗದರುವುದು ಓಲಗದವರಿಗೂ ಕೇಳಿಸಿತು. ಗಾಡಿ ಸರಿಸಿದ ಮೇಲೇ ಇಂಜಿನ್ ಸ್ಟಾರ್ಟು. ಮಾಂಗಲ್ಯಧಾರಣೆ ಆದಾಗ ಅವನ ಬಲಗೈಯಲ್ಲಿ ಬನಿಯನ್ ವೇಸ್ಟಿತ್ತು; ಎಡಗೈಯಲ್ಲಿದ್ದ ಅಕ್ಷತೆಯನ್ನು ದಿಕ್ಕು ನೋಡಿ ಅಲ್ಲಿಂದಲೇ ಎರಚಿದನಂತೆ. ಸಂಜೆ ಹೆಣ್ಣಿನ ಕಡೆಯ ಹಿರಿಯರೊಬ್ಬರು ಹಿತ್ತಲಿಗೆ ಬಂದು ಪರ್ಸು ತೆಗೆದು, "ಡೀಸೆಲ್ ಬಾಬ್ತು ಎಷ್ಟಾಯ್ತಪ್ಪ?" ಎಂದು ಇವನನ್ನೇ ಕೇಳಿದರು. ನಾನು ವರನ ದೊಡ್ಡಪ್ಪ ಎಂದು ಅವನು ಹೇಳಲಿಲ್ಲ. ಬಗ್ಗಿ ಅವರ್ ಮೀಟರ್ ನೋಡಿ, ಬೆರಳೆಣಿಸಿ, ಸರಿಯಾದ ಲೆಕ್ಕ ಕೊಟ್ಟ. ಕೊನೆಯ ಐದು ನಿಮಿಷವನ್ನೂ ಸೇರಿಸಿ.