ಮೀನ ಮೇಷ

ನನ್ನ ಬಗ್ಗೆ ನಮ್ಮ ಮನೆಯಲ್ಲೊಂದು ಮಾತಿದೆ: ‘ಇವರು ಮೀನ ಮೇಷ ಎಣಿಸಿ ಮುಗಿಸೋ ಹೊತ್ತಿಗೆ ಮಿಕ್ಕ ಹತ್ತು ರಾಶಿಯವರು ಉಂಡು ಕೈ ತೊಳೆದಿರ್ತಾರೆ.’ ಹೇಳುವವಳು ನನ್ನ ಹೆಂಡತಿ. ಸುಳ್ಳೇನಲ್ಲ. ಸಹಕಾರಿ ಬ್ಯಾಂಕೊಂದರಲ್ಲಿ ಮೂವತ್ತೊಂದು ವರ್ಷ ಸಾಲದ ಅರ್ಜಿ ತಿರುವಿ ಹಾಕಿದವನು ನಾನು. ಕೊಡುವುದೋ ಬೇಡವೋ ಎಂದು ನಾನು ಯೋಚಿಸುತ್ತಿರುವಾಗಲೇ, ಎಮ್ಮೆ ಕೊಳ್ಳಲು ಅರ್ಜಿ ಹಾಕಿದವರು ಬೇರೆಲ್ಲೋ ಸಾಲ ಎತ್ತಿ, ಎಮ್ಮೆ ಕೊಂಡು, ಅದರ ಹಾಲಿನ ಪೇಡಾ ತಂದು ನನ್ನ ಮೇಜಿನ ಮೇಲಿಟ್ಟು ಹೋದದ್ದುಂಟು. ಆದರೆ ಮೀನವನ್ನೂ ಮೇಷವನ್ನೂ ಒಂದೇ ಜಾಗದಲ್ಲಿ ನಿಂತು ಕಣ್ಣಾರೆ ಎಣಿಸುವ ಯೋಗ ಅರವತ್ತಾರನೇ ವಯಸ್ಸಿನಲ್ಲಿ, ಅದೂ ಕೆರಿಬಿಯನ್ ಸಮುದ್ರದ ದಡದಲ್ಲಿ ಒದಗೀತೆಂದು ಯಾವ ಜೋಯಿಸರೂ ಹೇಳಿರಲಿಲ್ಲ.

ಊರು ಬೊನೇರ್. ವೆನೆಜುವೆಲಾದ ಕರಾವಳಿಯಿಂದ ಸುಮಾರು ಎಂಬತ್ತು ಕಿಲೋಮೀಟರ್ ಉತ್ತರಕ್ಕಿರುವ ದ್ವೀಪ. ವೆಸ್ಟ್ ಇಂಡೀಸ್ ಕಡೆ ಹೊರಟಿದ್ದೇನೆ ಎಂದಾಗ ತಿಪಟೂರಿನ ಗೆಳೆಯರು ಕೇಳಿದ್ದು ಒಂದೇ ಪ್ರಶ್ನೆ: ‘ರಿಚರ್ಡ್ಸ್ ಸಿಕ್ತಾನೇನೋ?’ ಕ್ರಿಕೆಟ್ಟಿನ ರಿಚರ್ಡ್ಸ್ ಆಂಟಿಗುವಾದವನು. ಇದು ಡಚ್ಚರ ದ್ವೀಪ, ಇಲ್ಲಿಯ ಹುಡುಗರು ಆಡುವುದು ಬೇಸ್‌ಬಾಲ್. 2010ರ ಅಕ್ಟೋಬರ್ 10ರಿಂದ ಬೊನೇರ್ ನೆದರ್ಲೆಂಡ್ಸಿನ ಒಂದು ವಿಶೇಷ ಪುರಸಭೆ. ಮಗಳು, ಅಳಿಯ ಇರುವುದು ಐಂಧೋವನ್‌ನಲ್ಲಿ. ಆಮ್‌ಸ್ಟರ್‌ಡ್ಯಾಮಿನಲ್ಲಿ ವಿಮಾನ ಹತ್ತಿ ಹತ್ತು ಗಂಟೆ ಹಾರಿ ಇಳಿದರೂ ಹೇಗ್ ಸರ್ಕಾರದ್ದೇ ಆಳ್ವಿಕೆ. ಜೇಬಿನಿಂದ ಹೋಗುವುದು ಮಾತ್ರ ಅಮೆರಿಕದ ಡಾಲರ್. ಕಿವಿಗೆ ಬೀಳುವುದು ಪಾಪಿಯಾಮೆಂಟು ಎಂಬ ಭಾಷೆ. ಇಷ್ಟೆಲ್ಲ ಒಂದು ಪುರಸಭೆಯೊಳಗೆ.

ಬೊನೇರಿನ ದೊಡ್ಡ ತೊಂದರೆ ಏನೆಂದರೆ ಅಲ್ಲಿ ಹಿಂಜರಿಯಲು ನೆಪ ಸಿಗುವುದಿಲ್ಲ. ಬೇರೆ ಕಡೆ ಹವಳ ನೋಡಬೇಕಾದರೆ ದೋಣಿ ಹತ್ತಬೇಕು. ನಮ್ಮ ಮುರ್ಡೇಶ್ವರದಿಂದ ನೇತ್ರಾಣಿಗೆ ಹೋಗುವುದಾದರೂ ದೋಣಿ ಬೇಕು, ಹವಾಮಾನ ನೆಟ್ಟಗಿರಬೇಕು. ಹೊಟ್ಟೆ ತೊಳಸಬಹುದು, ತಲೆ ಸುತ್ತಬಹುದು, ದೋಣಿಯವನೇ ಬಾರದಿರಬಹುದು. ಹೇಡಿಗೆ ಎಷ್ಟೊಂದು ದಾರಿ! ಇಲ್ಲಿ ಹವಳದ ದಿಬ್ಬ ದಡಕ್ಕೇ ಅಂಟಿಕೊಂಡು ಬೆಳೆದಿದೆ. ರಸ್ತೆ ಬದಿಯಲ್ಲಿ ನಮ್ಮ ಮೈಲಿಗಲ್ಲಿನ ಹಾಗೆ ಹಳದಿ ಬಳಿದ ಕಲ್ಲು, ಅದರ ಮೇಲೆ ಜಾಗದ ಹೆಸರು. ಇಂಥ ಜಾಗಗಳು ಅರವತ್ತಕ್ಕೂ ಹೆಚ್ಚು. ಗಾಡಿ ನಿಲ್ಲಿಸು, ಇಳಿ, ನಡೆ, ಮುಳುಗು. ಗಾಳಿ ಸದಾ ಪೂರ್ವದಿಂದ ಬೀಸುವುದರಿಂದ ಪಶ್ಚಿಮದ ದಡದಲ್ಲಿ ನೀರು ಕಲ್ಯಾಣಿಯ ನೀರಿನಷ್ಟು ಶಾಂತ. ‘ಅಲೆ ಜೋರಾಗಿದೆ ಕಣಮ್ಮ’ ಎನ್ನೋಣವೆಂದರೆ ಅಲೆಯೇ ಇಲ್ಲ.

ಮೊದಲ ದಿನ ಹೋದದ್ದು ‘ಸಾವಿರ ಮೆಟ್ಟಿಲು’ ಎಂಬ ಜಾಗಕ್ಕೆ. ಬ್ಯಾಂಕಿನವನ ಚಟ, ಎಣಿಸಿದೆ. ಎಪ್ಪತ್ತರ ಆಸುಪಾಸು. ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡವರು ಹತ್ತುವಾಗ ಸಾವಿರ ಆಗುತ್ತವಂತೆ. ಇಂಥ ಲೆಕ್ಕ ನಾನು ಬರೆದಿದ್ದರೆ ಆಡಿಟ್‌ನವರು ಪಿಂಚಣಿ ತಡೆಹಿಡಿಯುತ್ತಿದ್ದರು. ಕೆಳಗೆ ದಡದ ತುಂಬ ಬಿಳಿಚಿದ ಹವಳದ ಚೂರುಗಳು, ಕಾಲಿಟ್ಟರೆ ಗಾಜಿನ ಬಳೆಯ ಸದ್ದು. ಅಳಿಯ ಅಣಿಯಾದ, ಒಂಬತ್ತು ವರ್ಷದ ಮೊಮ್ಮಗ ಆಗಲೇ ನೀರೊಳಗಿದ್ದ. ನಾನು ಕೊನೆಯ ಮೆಟ್ಟಿಲಿನ ಮೇಲೆ ಕುಳಿತೆ. ತಲೆಯ ಮೇಲಿನ ಬಂಡೆಯ ಅಂಚಿನಲ್ಲಿ ಮುಳ್ಳುಗಿಡ ಮೇಯುತ್ತ ನಾಲ್ಕು ಆಡು. ಮುಂದಿನ ತಿಳಿನೀರಿನಲ್ಲಿ ಕುಳಿತಲ್ಲಿಂದಲೇ ಕಾಣುವ ಮೀನು. ಒಮ್ಮೆ ಮೇಲೆ ನೋಡುವುದು, ಒಮ್ಮೆ ಕೆಳಗೆ ನೋಡುವುದು. ರಾಶಿಯ ಮೇಷ ಆಡಲ್ಲ, ಟಗರು ಎಂದು ತಕರಾರು ತೆಗೆಯುವವರು ದಯವಿಟ್ಟು ಇಲ್ಲಿ ಸುಮ್ಮನಿರಬೇಕು. ನಲವತ್ತು ನಿಮಿಷ ಎಣಿಸಿ, ಅಷ್ಟೂ ಮೆಟ್ಟಿಲು ಹತ್ತಿ ವಾಪಸು ಬಂದೆ. ದಾರಿಯಲ್ಲಿ ಸಿಕ್ಕ ಊರಿನ ಮುದುಕರೊಬ್ಬರು ನನ್ನ ಏದುಸಿರು ನೋಡಿ ‘ಪೊಕೊ ಪೊಕೊ’ ಎಂದರು. ನಿಧಾನ ನಿಧಾನ ಎಂದರ್ಥ. ನನಗೇ ನಿಧಾನದ ಪಾಠ ಹೇಳಿದ ಮೊದಲ ಮನುಷ್ಯ.

ನನ್ನ ಅಳುಕು ನೀರಿನದಲ್ಲ. ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ, ಸೋದರಮಾವ ಬಾವಿಯ ಕಟ್ಟೆಯಿಂದ ತಳ್ಳಿದಾಗ ಈಜು ಕಲಿತವನು ನಾನು. ಅಳುಕಿದ್ದದ್ದು ಆ ಸಲಕರಣೆಗೆ. ಸ್ನಾರ್ಕೆಲ್ ಎಂದರೆ ಒಂದು ಬಾಗಿದ ನಳಿಕೆ, ಅದರ ತುದಿಯ ರಬ್ಬರನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳಬೇಕು. ಬಾಡಿಗೆಯದು. ನನಗಿಂತ ಮೊದಲು ಅದನ್ನು ಎಷ್ಟು ದೇಶದವರು ಕಚ್ಚಿದ್ದರೋ! ಔಷಧದ ನೀರಿನಲ್ಲಿ ತೊಳೆದಿರುತ್ತಾರೆ ಎಂದು ಅಳಿಯ ಎಷ್ಟು ಹೇಳಿದರೂ, ಒಂದೇ ಲೋಟದಿಂದ ಎತ್ತಿ ಕುಡಿಯುವ ಮನೆಯಲ್ಲಿ ಬೆಳೆದವನಿಗೆ ಎಂಜಲು ಎಂಬುದು ತೊಳೆದರೆ ಹೋಗುವ ವಸ್ತುವಲ್ಲ. ಅದರ ಮೇಲೆ ಇನ್ನೊಂದು. ಕಣ್ಣಿಗೆ ಹಾಕುವ ಗಾಜಿನ ಮುಖವಾಡ ಆವಿ ಹಿಡಿದು ಮಬ್ಬಾಗದಿರಲು ಅದರೊಳಗೆ ಉಗಿಯಬೇಕು. ಹೌದು, ಉಗಿದು, ಬೆರಳಿನಲ್ಲಿ ಸವರಿ, ಒಂದು ಅದ್ದು ಅದ್ದಿ ತೆಗೆಯಬೇಕು. ಉಗುಳು ಸವರಿದ ಗಾಜಿನ ಮೇಲೆ ಆವಿ ಹನಿಹನಿಯಾಗಿ ಕೂರದೆ ತೆಳ್ಳಗೆ ಹರಡಿಕೊಳ್ಳುತ್ತದಂತೆ. ಆಗ ಆಚೆಯದು ನಿಚ್ಚಳ ಕಾಣುತ್ತದೆ. ‘ಮಾವ, ಉಗೀರಿ’ ಎಂದು ಅಳಿಯನಾದವನು ಮಾವನಿಗೆ ಹೇಳುವ ಸಂದರ್ಭ ಸಂಸಾರದಲ್ಲಿ ಇನ್ನೊಂದಿರಲಾರದು.

ಮೂರನೆಯದು ಮೀಸೆ. ಮುಖವಾಡದ ಅಂಚು ಚರ್ಮಕ್ಕೆ ಅಂಟಿಕೊಂಡರೆ ತಾನೆ ನೀರು ಒಳಗೆ ಬರದಿರುವುದು? ನನ್ನದು ಮೂವತ್ತೆಂಟು ವರ್ಷದ ಮೀಸೆ, ಮದುವೆಯ ಫೋಟೋದಲ್ಲಿ ನನಗಿಂತ ಮೊದಲು ಕಾಣುವುದೇ ಅದು. ಬಾಡಿಗೆ ಮನೆಯ ಸ್ನಾನದ ತೊಟ್ಟಿಯಲ್ಲಿ ಪರೀಕ್ಷೆ ಮಾಡಿದರೆ ಒಂದೊಂದು ಕೂದಲಿನ ಸಂದಿಯಿಂದಲೂ ನೀರು ಜಿನುಗಿತು. ವ್ಯಾಸಲೀನ್ ಮೆತ್ತಿದರೆ ಅರ್ಧ ನಿಂತಿತು. ಮೂಗಿನ ಕೆಳಗೆ ಸಣ್ಣದೊಂದು ಪಟ್ಟಿ ಬೋಳಿಸಿದರೆ ಸಾಕು ಎಂದು ಅಳಿಯನ ಸಲಹೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಗ್ಗೆ ಕನ್ನಡಿಯ ಮುಂದೆ ನಿಂತು, ನಮ್ಮ ತೋಟಕ್ಕೂ ದಾಯಾದಿಯ ತೋಟಕ್ಕೂ ನಡುವೆ ಬದು ತೆಗೆದ ಹಾಗೆ ಒಂದು ಗೆರೆ ಎಳೆದೆ. ಮೊಮ್ಮಗ ನೋಡಿ, ‘ತಾತ, ನಿನ್ನ ಮೀಸೆ ಜಾರಿದೆ’ ಎಂದ.

ಎರಡನೆಯ ಸಲ ಹೋದದ್ದು ವಿಮಾನ ನಿಲ್ದಾಣದ ಎದುರಿಗೇ ಇರುವ, ಮರಳು ಹಾಸಿದ ಒಂದು ದಡಕ್ಕೆ. ಹೆಸರು ‘ಟೆ ಆಮೊ’. ನಿನ್ನನ್ನು ಪ್ರೀತಿಸುತ್ತೇನೆ ಎಂದರ್ಥವಂತೆ. ಹೆಂಡತಿಗೆ ಈ ಅರ್ಥ ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ನೆತ್ತಿಯ ಮೇಲೆಯೇ ಒಂದು ವಿಮಾನ ಗುಡುಗುತ್ತ ಇಳಿಯಿತು. ಮತ್ತೆ ಹೇಳಲಿಲ್ಲ. ಅವಳು ಸೀರೆಯ ನೆರಿಗೆ ಒತ್ತರಿಸಿ, ಚಿತ್ರಾನ್ನದ ಡಬ್ಬಿ ಪಕ್ಕದಲ್ಲಿಟ್ಟುಕೊಂಡು ಮರಳಿನ ಮೇಲೆ ಕುಳಿತು, ‘ಇವತ್ತಾದ್ರೂ ಇಳೀತೀರೋ ಇಲ್ವೋ?’ ಎಂದಳು.

ಕಾಲಿಗೆ ಬಾತುಕೋಳಿಯ ಪಾದ ತೊಟ್ಟವನು ಮುಂದಕ್ಕೆ ನಡೆದರೆ ಮುಗ್ಗರಿಸುತ್ತಾನೆ. ಹಿಂದುಹಿಂದಕ್ಕೆ ಹೆಜ್ಜೆ ಹಾಕಿ ಸಮುದ್ರಕ್ಕಿಳಿಯಬೇಕು. ದೆವ್ವದ ಕಾಲು ಹಿಂದುಮುಂದು ಎಂದು ಅಜ್ಜಿ ಹೇಳುತ್ತಿದ್ದದ್ದು ನೆನಪಾಯಿತು. ಎದೆಮಟ್ಟದ ನೀರಿಗೆ ಬಂದ ಮೇಲೆ ಕೊನೆಯ ಧರ್ಮಸಂಕಟ: ಉಸಿರು. ಮೂಗು ಮುಖವಾಡದೊಳಗೆ ಬಂದಿ. ಊರಿನ ಯೋಗದ ಮೇಷ್ಟ್ರು ಆರು ವರ್ಷ ಹೇಳಿಕೊಟ್ಟದ್ದು ಬಾಯಿ ಮುಚ್ಚಿ ಮೂಗಿನಲ್ಲಿ ಉಸಿರಾಡಿ ಎಂದು. ಮೂಗು ಹಿಡಿದರೆ ಬಾಯಿ ತಾನಾಗಿ ತೆರೆಯುತ್ತದೆ ಎಂಬ ಗಾದೆ ಮಾಡಿದವರು ಖಂಡಿತ ಸ್ನಾರ್ಕೆಲ್ ಕಚ್ಚಿದವರಲ್ಲ. ನನ್ನ ಮೂಗೂ ಮುಚ್ಚಿತ್ತು, ಬಾಯೂ ಬಿಗಿದಿತ್ತು, ಮೂರನೆಯ ದಾರಿ ಹುಡುಕುತ್ತ ಕಣ್ಣು ಕೆಂಪಾಗತೊಡಗಿತ್ತು. ‘ತಾತ, ಉಸಿರಾಡು!’ ಎಂದು ಮೊಮ್ಮಗ ಕಿರುಚಿದ. ಎಳೆದುಕೊಂಡೆ. ಗಾಳಿ ಬಂತು. ಕುಲುಮೆಯ ತಿದಿ ಒತ್ತಿದ ಸದ್ದು ಕಿವಿ ತುಂಬಿತು. ತಲೆ ಕೆಳಗೆ ಹಾಕಿದೆ.

ಸ್ವಲ್ಪ ದೂರ ಬರಿಯ ಮರಳು. ಆಮೇಲೆ ಒಮ್ಮೆಗೇ ಒಂದು ಪೇಟೆ ಶುರುವಾಯಿತು. ಮಿದುಳಿನಂತೆ ಸುರುಳಿ ಸುರುಳಿ ಗೆರೆಯ ಉಂಡೆಗಳು, ಬೀಸಣಿಗೆಯಂತೆ ನೇರಳೆ ಜಾಲರಿಗಳು, ಅವುಗಳ ನಡುವೆ ಕಡ್ಡಿಯಂತೆ ತಲೆಕೆಳಗಾಗಿ ನಿಂತು ‘ನಾನು ಮೀನೇ ಅಲ್ಲ’ ಎಂದು ನಟಿಸುವ ಕೊಳಲುಮೀನು. ನೀರಿನಲ್ಲಿ ಎಲ್ಲವೂ ಮೂರರಲ್ಲೊಂದು ಪಾಲು ದೊಡ್ಡದಾಗಿ, ಹತ್ತಿರವಾಗಿ ಕಾಣುತ್ತದಂತೆ. ದಡಕ್ಕೆ ಬಂದು ಹೇಳುವಾಗ ಇನ್ನೂ ಮೂರರಲ್ಲೊಂದು ಪಾಲು ಸೇರುತ್ತದೆ, ಅದು ನನ್ನ ಅನುಭವ.

ಹವಳ ಕಲ್ಲಲ್ಲ, ಜೀವ. ಸಾವಿರಾರು ಪುಟ್ಟ ಪ್ರಾಣಿಗಳು ಸುಣ್ಣ ಒಸರಿ ಕಟ್ಟಿಕೊಂಡ ವಠಾರ. ಒಂದೊಂದರ ಮೈಯೊಳಗೂ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗಿದೆ. ಬಿಸಿಲಿನಲ್ಲಿ ಆಹಾರ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ, ಬಣ್ಣವೂ ಅದರದೇ. ನೀರು ವಾರಗಟ್ಟಲೆ ಅತಿಯಾಗಿ ಕಾದರೆ ಮನೆಯೊಡೆಯ ತಲೆಕೆಟ್ಟು ಬಾಡಿಗೆದಾರನನ್ನು ಹೊರಹಾಕುತ್ತಾನೆ, ಬೆಳ್ಳಗೆ ಬಿಳಿಚಿ ಉಪವಾಸ ಬೀಳುತ್ತಾನೆ. 2023ರಲ್ಲಿ ಇಲ್ಲಿ ಹಾಗೆಯೇ ಆಯಿತು. ಅದೇ ವರ್ಷ ಹವಳದ ಮಾಂಸವನ್ನೇ ಕರಗಿಸುವ ರೋಗವೂ ಬೊನೇರಿಗೆ ಬಂತು. ಪೇಟೆಯ ನಡುನಡುವೆ ಬಾಗಿಲು ಹಾಕಿದ ಅಂಗಡಿಗಳಂತೆ ಬೂದುಬಣ್ಣದ ದಿಬ್ಬಗಳಿದ್ದವು. ಅಳಿಯ ಅಲ್ಲಿ ನಿಲ್ಲದೆ ಮುಂದೆ ಈಜಿದ.

ಸುತ್ತಲ ಸಮುದ್ರ 1979ರಿಂದ ರಕ್ಷಿತ ಉದ್ಯಾನ. ಏನನ್ನೂ ಮುಟ್ಟುವಂತಿಲ್ಲ. ಮುಳುಗುವವರು ಕೈಗವಸು ಹಾಕುವುದಕ್ಕೂ ನಿಷೇಧ. ಬರಿಗೈಯವನು ಹೆದರಿಯಾದರೂ ಮುಟ್ಟದಿರಲಿ ಎಂದು. ಮೈಗೆ ಹಚ್ಚುವ ಬಿಸಿಲಿನ ಲೇಪಗಳಲ್ಲಿ ಕೆಲವಕ್ಕೆ 2021ರಿಂದ ಬಹಿಷ್ಕಾರ. ನನಗೆ ಇದು ಥಟ್ಟನೆ ಅರ್ಥವಾಯಿತು: ಹವಳ ಮಡಿಯಲ್ಲಿದೆ. ಅಜ್ಜಿ ಮಡಿಯುಟ್ಟಾಗ ನಾವು ಗೋಡೆಗೆ ಒತ್ತಿಕೊಂಡು ದಾಟುತ್ತಿದ್ದೆವಲ್ಲ, ಹಾಗೆಯೇ ದಾಟಿದೆ. ಆದರೂ ಒಬ್ಬನ ಮನೆ ಬಾಗಿಲಿಗೆ ತೀರ ಹತ್ತಿರ ಹೋದೆನೆಂದು ಕಾಣುತ್ತದೆ. ಅಂಗೈಯಗಲದ, ಹಳದಿ ಮೈಗೆ ಕಪ್ಪು ಪಟ್ಟೆಯ ಸಾರ್ಜೆಂಟ್ ಮೇಜರ್ ಎಂಬ ಮೀನು ನೇರ ನನ್ನ ಮುಖವಾಡಕ್ಕೇ ನುಗ್ಗಿತು. ಅದರಲ್ಲಿ ಮೊಟ್ಟೆ ಕಾಯುವ ಕೆಲಸ ಗಂಡಿನದು. ಬಂಡೆಗೆ ಅಂಟಿಸಿದ ನೇರಳೆ ಮೊಟ್ಟೆಗಳನ್ನು ಕಾಯುವಾಗ ಅದು ಎದುರಿಗಿರುವವನ ಗಾತ್ರ ನೋಡುವುದಿಲ್ಲ. ಎಪ್ಪತ್ತೆಂಟು ಕೆಜಿಯ ನಾನು ಹಿಮ್ಮೆಟ್ಟಿದೆ. ಮೀನ, ಮೇಷ ಯಾವುದನ್ನೂ ಎಣಿಸದೆ ನಾನು ಕೈಗೊಂಡ ಜೀವಮಾನದ ಏಕೈಕ ತೀರ್ಮಾನ ಅದು.

ಹಿಮ್ಮೆಟ್ಟಿದಲ್ಲಿ ಕೇಳಿಸಿತು ಸದ್ದು. ಕರುಂ, ಕರುಂ. ಯಾರೋ ಕೋಡುಬಳೆ ಕಡಿಯುತ್ತಿರುವ ಹಾಗೆ. ಗಿಳಿಮೀನು. ಹಸಿರು ಮೈ, ಕೊಕ್ಕಿನಂಥ ಬಾಯಿ. ಬಂಡೆ ಕೆರೆದು ಪಾಚಿ ತಿನ್ನುವುದೇ ಅದರ ಹಗಲಿಡೀ ಕಸುಬು. ಪಾಚಿಯೊಡನೆ ಬಾಯಿಗೆ ಬಂದ ಸುಣ್ಣದ ಕಲ್ಲನ್ನು ಗಂಟಲಿನ ಹಲ್ಲುಗಳಲ್ಲಿ ಅರೆದು, ಕೊನೆಗೆ ಬಿಳಿ ಮರಳಾಗಿ ವಿಸರ್ಜಿಸುತ್ತದೆ. ದೊಡ್ಡದೊಂದು ಮೀನು ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ಪಾಚಿ ಹವಳವನ್ನು ಮುಚ್ಚದಂತೆ ಕಾಯುವ ಈ ಕೆಲಸಗಾರನನ್ನು ಹಿಡಿಯುವುದನ್ನು 2010ರಲ್ಲಿ ಇಲ್ಲಿ ನಿಷೇಧಿಸಿದ್ದಾರೆ. ನಾನು ನೋಡುತ್ತಿದ್ದಂತೆಯೇ ಅದು ಬಾಲದ ಹಿಂದೆ ಒಂದು ಬಿಳಿ ಮೋಡ ಬಿಟ್ಟು, ಏನೂ ಆಗಿಲ್ಲವೆಂಬಂತೆ ಮತ್ತೊಂದು ಕೋಡುಬಳೆಗೆ ಹೋಯಿತು.

ಆ ಹೊತ್ತಿಗೇ ಮೊಮ್ಮಗ ನನ್ನ ತೋಳು ಜಗ್ಗಿ ತೋರಿಸಿದ: ಆಮೆ. ‘ಆಮೆ!’ ಎಂದು ನಾನೂ ಕೂಗಿದೆ. ನಳಿಕೆಯಿಂದ ಹೊರಟದ್ದು ಹಸಿದ ಕರುವಿನ ಸ್ವರ. ಒಳಗೆ ಬಂದದ್ದು ಒಂದು ಬೊಗಸೆ ಉಪ್ಪುನೀರು. ಕೆಮ್ಮಿ, ಕಕ್ಕಿ, ಮತ್ತೆ ತಲೆ ಹಾಕುವಷ್ಟರಲ್ಲಿ ಆಮೆ ಉಸಿರಿಗೆ ಮೇಲೆ ಬಂದು, ನನ್ನನ್ನೊಂದು ಗಳಿಗೆ ನೋಡಿ, ಪೊಕೊ ಪೊಕೊ ಇಳಿದು ಹೋಯಿತು. ಅದು ಆಮೆ ಎಂಬುದನ್ನು ಯಾರಿಗೂ ಹೇಳಲಾಗದೆ ಹೊಟ್ಟೆ ಉಬ್ಬರಿಸಿತು. ಒಂದು ಗಂಟೆ ಐದು ನಿಮಿಷ ನಾನು ಮಾತಾಡದೆ ಇದ್ದದ್ದನ್ನು ಹೆಂಡತಿ ಗಡಿಯಾರ ನೋಡಿ ಬರೆದಿಟ್ಟುಕೊಂಡಿದ್ದಾಳೆ.

ಸಂಜೆ ದಕ್ಷಿಣದ ಉಪ್ಪಿನಗದ್ದೆಗಳ ಕಡೆ ಹೋದೆವು. ಗುಲಾಬಿ ಬಣ್ಣದ ನೀರು, ಬೆಟ್ಟದಂತೆ ಒಟ್ಟಿದ ಉಪ್ಪು. ರಸ್ತೆಯ ಪಕ್ಕ ಸಮುದ್ರಕ್ಕೆ ಮುಖಮಾಡಿ ಸಾಲು ಗುಡಿಸಲುಗಳು. ಉಪ್ಪು ಹೊರುತ್ತಿದ್ದ ಗುಲಾಮರಿಗೆಂದು 1850ರಲ್ಲಿ ಕಲ್ಲಿನಲ್ಲಿ ಕಟ್ಟಿದ್ದು. ಗುಲಾಮಗಿರಿ ರದ್ದಾದದ್ದು 1863ರಲ್ಲಿ. ಬಗ್ಗಿ ಒಳಹೊಕ್ಕೆ. ನೆಟ್ಟಗೆ ನಿಲ್ಲಲಾಗಲಿಲ್ಲ. ಅಲ್ಲಿ ಮಾತ್ರ ನಳಿಕೆಯಿಲ್ಲದೆಯೇ ನನ್ನ ಬಾಯಿ ಮುಚ್ಚಿತ್ತು.

ತಿಪಟೂರಿಗೆ ಬಂದು ಈಗ ಎರಡು ತಿಂಗಳು. ಬೋರಲಾಗಿ ತೇಲಿದ್ದಕ್ಕೆ ಸುಟ್ಟ ಮೀನಖಂಡದ ಚರ್ಮ ಸುಲಿದು ಹೊಸದು ಬಂದಿದೆ, ಮೀಸೆಯ ಬದು ಮುಚ್ಚಿದೆ. ಹೋದ ವಾರ ಹೆಂಡತಿ ಅಟ್ಟಕ್ಕೆ ಹಾಕಲೆಂದು ನನ್ನ ಕ್ಯಾನ್ವಾಸ್ ಬೂಟು ಕೊಡವಿದಳು. ಒಂದು ಹಿಡಿಯಷ್ಟು ಮರಳು ಉದುರಿತು, ಹಾಲಿನಂತೆ ಬೆಳ್ಳಗೆ. ‘ಎಷ್ಟು ಶುಭ್ರವಾಗಿದೆ ನೋಡ್ರೀ, ಚೆಲ್ಲಕ್ಕೆ ಮನಸ್ಸು ಬರಲ್ಲ’ ಎಂದು ಸೆರಗಿನಲ್ಲಿ ಬಳಿದುಕೊಂಡು ಹೋಗಿ ತುಳಸಿ ಕಟ್ಟೆಗೆ ಹಾಕಿ, ಕೈಮುಗಿದಳು. ಹೇಳಬೇಕೋ ಬೇಡವೋ? ಮೊಮ್ಮಗ ಭಾನುವಾರ ಫೋನ್ ಮಾಡಿದಾಗಲೆಲ್ಲ ‘ಅಜ್ಜೀಗೆ ಹೇಳ್ಲಾ ತಾತ?’ ಎಂದು ನಗುತ್ತಾನೆ. ನಾನು ನಳಿಕೆ ಕಚ್ಚಿದವನಂತೆ ‘ಊಂ’ ಎನ್ನುತ್ತೇನೆ. ತುಳಸಿಯಂತೂ ಸೊಂಪಾಗಿ ಚಿಗುರಿದೆ.